ಕುದಿಸಬೇಡಿ, ಹಿಂಡಬೇಡಿ: ಮನೆಯಲ್ಲೇ ಕ್ವಾರ್ಕ್

ಜರ್ಮನಿಯ ಡ್ರೆಸ್ಡೆನ್‌ಗೆ ಓದಲು ಬರುವ ನಮ್ಮ ಹುಡುಗರು ಮೊದಲ ವಾರ ಮಾಡುವ ತಪ್ಪು ಒಂದೇ. ಅಂಗಡಿಯಲ್ಲಿ ಮೊಸರಿನ ಪಕ್ಕದಲ್ಲೇ ಅರ್ಧ ಕೆಜಿಯ ಬಿಳಿ ಡಬ್ಬಿ ಕಾಣುತ್ತದೆ. ಅಗ್ಗ, ಗಟ್ಟಿ, ನೋಡಲು ಥೇಟ್ ಕೆನೆಮೊಸರು. ಮನೆಗೆ ತಂದು ಬಿಸಿ ಅನ್ನಕ್ಕೆ ಕಲಸುತ್ತಾರೆ. ಹೋದ ವರ್ಷ ದಾವಣಗೆರೆಯ ಹುಡುಗನೊಬ್ಬ ಹಾಗೆ ಕಲಸಿದ ‘ಮೊಸರನ್ನ’ವನ್ನು ನಮ್ಮ ಮನೆಗೇ ತಂದು ತೋರಿಸಿದ. ಚಮಚ ನೆಟ್ಟರೆ ನೆಟ್ಟ ಹಾಗೇ ನಿಂತಿತ್ತು. “ಅಕ್ಕಾ, ಇದನ್ನ ಗೋಡೆಗೆ ಬಳೀಬಹುದು” ಅಂದ.

ಅದು ಕ್ವಾರ್ಕ್. ಮೊಸರಲ್ಲ, ಪನೀರೂ ಅಲ್ಲ. ಹಾಲನ್ನು ಹುಳಿಸಿ, ಹೆಪ್ಪಾದ ಮೇಲೆ ನೀರು ಬಸಿದು ತೆಗೆಯುವ ಹಸಿ ಚೀಸ್. ಆಸ್ಟ್ರಿಯಾದವರು ಇದನ್ನೇ ಟೋಪ್‌ಫೆನ್ ಅನ್ನುತ್ತಾರೆ. ರಷ್ಯನ್ನರ ತ್ವೊರೋಗ್ ಇದರ ಹತ್ತಿರದ ನೆಂಟ. ಜರ್ಮನ್ ಭಾಷೆಗೆ ಈ ಪದ ಬಂದದ್ದೂ ಸ್ಲಾವ್ ಭಾಷೆಗಳಿಂದಲೇ. ಮಾತಿನಲ್ಲಿ ‘ಎಂಥಾ ಕ್ವಾರ್ಕ್!’ ಅಂದರೆ ‘ಬರೀ ಬೊಗಳೆ’ ಅಂತ ಅರ್ಥ. ಆದರೆ ತಿನ್ನುವ ಕ್ವಾರ್ಕ್ ಬೊಗಳೆಯಲ್ಲ. ಕೊಬ್ಬು ತೆಗೆದ ಹಾಲಿನ ಕ್ವಾರ್ಕ್ 100 ಗ್ರಾಂ ತಿಂದರೆ ಸುಮಾರು 12 ಗ್ರಾಂ ಪ್ರೋಟೀನ್ ಸಿಗುತ್ತದೆ. ಸಾದಾ ಮೊಸರಿನಲ್ಲಿ ಇರುವುದು ಮೂರೂವರೆ, ನಾಲ್ಕು ಗ್ರಾಂ. ಕ್ರೀಮ್ ಚೀಸ್‌ನಲ್ಲಿ ಐದಾರು ಗ್ರಾಂ ಪ್ರೋಟೀನ್ ಇದ್ದರೂ ಅದರ ಜೊತೆಗೆ 20–30 ಗ್ರಾಂ ಕೊಬ್ಬು ಬರುತ್ತದೆ. ಈ ಕ್ವಾರ್ಕ್‌ನಲ್ಲಿ ಕೊಬ್ಬು ಅರ್ಧ ಗ್ರಾಂ ಕೂಡ ಇಲ್ಲ. ಹಾಗಂತ ಎಲ್ಲದರಲ್ಲೂ ಇದೇ ಮೇಲು ಅಂದುಕೊಳ್ಳಬೇಡಿ. ಹಾಲಿನ ಕ್ಯಾಲ್ಸಿಯಂನಲ್ಲಿ ದೊಡ್ಡ ಪಾಲು ಬಸಿದ ನೀರಿನ ಜೊತೆ ಹೊರಟುಹೋಗುತ್ತದೆ. ಮೊಸರು ಬಿಡುವ ಅಗತ್ಯವಿಲ್ಲ.

ಅಂಗಡಿಯದ್ದೇ ಕೊಳ್ಳುವವರಿಗೆ ಮೂರು ಮಾತು ಹೇಳಿ ಮುಂದೆ ಹೋಗುತ್ತೇನೆ. ಡಬ್ಬಿಯ ಮೇಲೆ 40% ಅಂತ ಇದ್ದರೆ ಹೆದರಬೇಡಿ. ಅದು ನೀರನ್ನು ಬಿಟ್ಟು ಉಳಿದ ಭಾಗದಲ್ಲಿರುವ ಕೊಬ್ಬಿನ ಲೆಕ್ಕ. ಇಡೀ ಡಬ್ಬಿಗೆ ಲೆಕ್ಕ ಹಾಕಿದರೆ 10–11% ಅಷ್ಟೇ. ಹಣ್ಣಿನ ಚಿತ್ರವಿರುವ ಪುಟ್ಟ ಕಪ್ಪುಗಳನ್ನು ಮುಟ್ಟಲೇಬೇಡಿ, ಅದು ಮಕ್ಕಳಿಗೆ ಸಕ್ಕರೆ ತಿನ್ನಿಸುವ ಉಪಾಯ. ಮೂರನೆಯದು ಸಸ್ಯಾಹಾರಿಗಳಿಗೆ. ಕಾರ್ಖಾನೆಯಲ್ಲಿ ಹೆಪ್ಪಿನ ಜೊತೆಗೆ ಚೂರು ರೆನ್ನೆಟ್, ಅಂದರೆ ಹಾಲು ಗಟ್ಟಿಯಾಗಿಸುವ ಕಿಣ್ವ, ಹಾಕುವುದುಂಟು. ಅದು ಕರುವಿನ ಹೊಟ್ಟೆಯಿಂದ ತೆಗೆದದ್ದೂ ಇರಬಹುದು, ಸೂಕ್ಷ್ಮಜೀವಿಗಳಿಂದ ಮಾಡಿದ್ದೂ ಇರಬಹುದು. ಯಾವುದು ಅಂತ ಬರೆಯುವ ಕಡ್ಡಾಯ ಇಲ್ಲಿಲ್ಲ. ಸಸ್ಯಾಹಾರಿ ಮುದ್ರೆ ಇದ್ದರೆ ಸರಿ. ಇಲ್ಲದಿದ್ದರೆ ಮನೆಯಲ್ಲಿ ಮಾಡಿಕೊಳ್ಳುವುದೇ ವಾಸಿ. ಮನೆಯ ಕ್ವಾರ್ಕ್‌ಗೆ ರೆನ್ನೆಟ್ ಬೇಕೇ ಇಲ್ಲ.

ಬೇಕಾದದ್ದು: ಹಾಲು 1 ಲೀಟರ್, ಬುಟರ್‌ಮಿಲ್ಶ್ (ಇಲ್ಲಿನ ಮಜ್ಜಿಗೆ) 150 ಮಿಲಿ, ಒಂದು ಜರಡಿ, ಒಂದು ತೆಳು ಹತ್ತಿ ಬಟ್ಟೆ. ಥರ್ಮಾಮೀಟರ್ ಇದ್ದರೆ ಒಳ್ಳೆಯದು.

ಹಂತ 1: ಹಾಲು

ತಾಜಾ ಪಾಶ್ಚರೀಕರಿಸಿದ ಹಾಲು ತನ್ನಿ. ತಿಂಗಳುಗಟ್ಟಲೆ ಕೆಡದ ಡಬ್ಬಿ ಹಾಲು ಬೇಡ. ಅಷ್ಟು ಜಾಸ್ತಿ ಕಾದ ಹಾಲಿನ ಹೆಪ್ಪು ಲೊಳಲೊಳ ಅನ್ನುತ್ತದೆ, ನೀರು ಬಿಡುವುದಿಲ್ಲ. ನಮ್ಮವರು ಹಾಲು ಕಂಡ ಕೂಡಲೇ ಒಲೆಗಿಡುತ್ತಾರೆ. ಇಲ್ಲಿ ಕೈ ಕಟ್ಟಿಕೊಂಡಿರಿ. ಮೊಸರು ಗಟ್ಟಿಯಾಗಲಿ ಅಂತ ನಾವು ಹಾಲು ಕಾಯಿಸುತ್ತೇವಲ್ಲ, ಆಗ ಹಾಲಿನ ಪ್ರೋಟೀನುಗಳು ಒಂದಕ್ಕೊಂದು ಅಂಟಿ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಕ್ವಾರ್ಕ್‌ಗೆ ನಮಗೆ ಬೇಕಾದದ್ದು ಅದರ ಉಲ್ಟಾ, ನೀರು ಬಿಡಬೇಕು. ಪಾಶ್ಚರೀಕರಿಸಿದ ಹಾಲನ್ನು ಫ್ರಿಜ್‌ನ ಚಳಿ ಬಿಡುವಷ್ಟು ಮಾತ್ರ ಬೆಚ್ಚಗೆ ಮಾಡಿ. ಕೊಟ್ಟಿಗೆಯಿಂದ ತಂದ ಹಸಿ ಹಾಲಾದರೆ ಮಾತ್ರ ಕಾಯಿಸಿ ಆರಿಸಲೇಬೇಕು. ಕ್ವಾರ್ಕ್ ಸ್ವಲ್ಪ ಮೆತ್ತಗಾಗುತ್ತದೆ, ಆಗಲಿ.

ಹಂತ 2: ಹೆಪ್ಪು

ಬುಟರ್‌ಮಿಲ್ಶ್ ಅಂದರೆ ಮಜ್ಜಿಗೆಯೇ, ಆದರೆ ನಮ್ಮ ನೀರುಮಜ್ಜಿಗೆಯ ಹಾಗಲ್ಲ. ಗಟ್ಟಿಯಾಗಿ, ಸಪ್ಪೆ ಹುಳಿಯಾಗಿರುತ್ತದೆ. ಲೇಬಲ್ಲಿನಲ್ಲಿ ‘ವೆರ್ಮೆಬೆಹಾಂಡೆಲ್ಟ್’ ಅಂತ ಇದ್ದರೆ ವಾಪಸ್ ಇಡಿ. ಹುಳಿ ಬಂದ ಮೇಲೆ ಮತ್ತೆ ಬಿಸಿ ಮಾಡಿದ್ದಾರೆ ಅಂತ ಅದರರ್ಥ, ಹೆಪ್ಪು ಸತ್ತಿರುತ್ತದೆ. ಹಾಲಿಗೆ ಸುರಿದು, ಒಂದು ಸಲ ಕಲಕಿ, ಮುಚ್ಚಿ, 22–25 ಡಿಗ್ರಿಯಲ್ಲಿ ಒಂದು ದಿನ ಮರೆತುಬಿಡಿ. ಚಳಿಗಾಲದಲ್ಲಿ ನಾನು ಅವನ್‌ನ ದೀಪ ಮಾತ್ರ ಹಾಕಿ ಒಳಗಿಡುತ್ತೇನೆ.

ಹಂತ 3: ಬೆಚ್ಚಗೆ ಮಾಡುವುದು

ಹತ್ತರಲ್ಲಿ ಎಂಟು ಜನ ಕೆಡಿಸುವುದು ಇಲ್ಲಿ. ಹಾಗಾಗಿ ನಿಧಾನಕ್ಕೆ ಓದಿ.

ಮೊದಲು ಹೆಪ್ಪಾಗಿದೆಯಾ ನೋಡಿ. ಪಾತ್ರೆ ಓರೆ ಮಾಡಿದರೆ ಇಡೀ ಗಡ್ಡೆ ಅಂಚಿನಿಂದ ಬಿಟ್ಟುಕೊಳ್ಳಬೇಕು. ಪಕ್ಕದಲ್ಲಿ ಹಸಿರು ಬೆರೆತ ಹಳದಿ ನೀರು ಕಾಣಬೇಕು. ಚಾಕು ಇಳಿಸಿ ಮೆಲ್ಲಗೆ ಎತ್ತಿದರೆ ಸೀಳು ಚೊಕ್ಕವಾಗಿ ನಿಲ್ಲಬೇಕು. ಸೀಳು ಕೂಡಿಕೊಂಡು ಗಂಜಿಯ ಹಾಗೆ ಆದರೆ ಇನ್ನೂ ನಾಲ್ಕು ಗಂಟೆ ಬಿಡಿ. ಅವಸರ ಪಟ್ಟರೆ ಅರ್ಧ ಹಾಲು ಬಟ್ಟೆಯಲ್ಲಿ ಇಳಿದುಹೋಗುತ್ತದೆ.

ಹೆಪ್ಪಾಗಿದ್ದರೆ ಅದೇ ಚಾಕುವಿನಿಂದ ಉದ್ದಕ್ಕೂ ಅಡ್ಡಕ್ಕೂ, ಮೈಸೂರುಪಾಕು ಕೊಯ್ಯುವ ಹಾಗೆ, ಎರಡೆರಡು ಬೆರಳಗಲಕ್ಕೆ ಕೊಯ್ಯಿರಿ. ಹತ್ತು ನಿಮಿಷ ಹಾಗೇ ಬಿಡಿ. ಗೆರೆಗಳಲ್ಲಿ ನೀರು ತಾನಾಗಿ ಒಸರುತ್ತದೆ.

ಇನ್ನು ಬಿಸಿ. ಒಲೆಯ ಮೇಲೆ ನೇರವಾಗಿ ಇಡಲೇಬೇಡಿ. ಅಗಲವಾದ ಪಾತ್ರೆಯಲ್ಲಿ ನಲ್ಲಿಯ ಬಿಸಿನೀರು ಹಾಕಿ, ಅದರೊಳಗೆ ಈ ಪಾತ್ರೆ ಕೂರಿಸಿ. ನೀರು ಆರಿದಂತೆ ಬದಲಾಯಿಸುತ್ತಾ ಹೋಗಿ. ಒಳಗಿನ ಹೆಪ್ಪು 35ರಿಂದ 38 ಡಿಗ್ರಿಗೆ ಬರಬೇಕು, 40 ದಾಟಬಾರದು. ಥರ್ಮಾಮೀಟರ್ ಇಲ್ಲವೇ? ಕೈ ಚೆನ್ನಾಗಿ ತೊಳೆದು ಬೆರಳದ್ದಿ ನೋಡಿ. ಎಳೆಮಗುವಿಗೆ ನೀರು ಹಾಕುವ ಹದ ಗೊತ್ತಲ್ಲ, ಅದೇ. ಬಿಸಿ ತಾಗಿದೆ ಅಂತ ಗೊತ್ತಾದರೆ ಆಗಲೇ ಜಾಸ್ತಿಯಾಗಿದೆ. ಈ ಕೆಲಸಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ.

ಕಲಕಬೇಡಿ. ನಮ್ಮ ಕೈಗೆ ಇದು ಬಲು ಕಷ್ಟದ ಮಾತು, ಸೌಟು ಹಿಡಿದರೆ ತಿರುಗಿಸದೆ ಇರಲಾಗುವುದಿಲ್ಲ. ಅರ್ಧ ಗಂಟೆಗೆ ಒಂದು ಸಲ ತಳದಿಂದ ಮೆತ್ತಗೆ ಮೇಲಕ್ಕೆ ಎತ್ತಿ ಬಿಡಿ, ಸಾಕು.

ಹೀಗೇಕೆ ಅಂದರೆ, ಬಿಸಿ ತಾಗಿದಂತೆ ಹೆಪ್ಪು ಕುಗ್ಗಿ ನೀರನ್ನು ಹೊರಗೆ ತಳ್ಳುತ್ತದೆ. ಮೆಲ್ಲಗೆ ಕುಗ್ಗಿದರೆ ಒಳಗೆಲ್ಲ ಸಮನಾಗಿ ಮೆದುವಾಗಿರುತ್ತದೆ. ದಿಢೀರ್ ಬಿಸಿಯಾದರೆ ಹೊರಮೈ ಗಟ್ಟಿಯಾಗಿ ನೀರು ಒಳಗೇ ಸಿಕ್ಕಿಬೀಳುತ್ತದೆ, ಕೊನೆಗೆ ಉಳಿಯುವುದು ಬನ್ಸಿ ರವೆಯಂಥ ಕಾಳು. ಕಾಲೇಜು ಹುಡುಗರು ಹೇಳುವ ‘ಮೈಕ್ರೋವೇವ್‌ನಲ್ಲಿ ಎರಡೇ ನಿಮಿಷ’ ಎಂಬ ಶಾರ್ಟ್‌ಕಟ್‌ನಲ್ಲಿ ಆಗುವುದು ಇದೇ, ಮಧ್ಯದಲ್ಲಿ ರಬ್ಬರು, ಅಂಚಿನಲ್ಲಿ ಹಾಲು. ಹಾಲು ಕುದಿಸಿ ನಿಂಬೆಹಣ್ಣು ಹಿಂಡಿ ‘ಕ್ವಾರ್ಕ್ ಮಾಡಿದೆ’ ಅನ್ನುವವರಿಗೆ ನನ್ನ ನಮಸ್ಕಾರ. ಅದು ಪನೀರು. ಪಾಲಕ್ ಹಾಕಿ ತಿನ್ನಿ.

ಒಂದು ವೇಳೆ ರವೆಯಾಯಿತು ಅನ್ನಿ, ಚೆಲ್ಲಬೇಡಿ. ಬಸಿದು, ಎರಡು ಚಮಚ ಹಾಲು ಹಾಕಿ ಮಿಕ್ಸಿಯಲ್ಲಿ ತಿರುಗಿಸಿ. ಬ್ರೆಡ್ಡಿಗೆ ಸವರಲು ಆಗದಿದ್ದರೂ ಕೇಕಿಗೆ ಆಗುತ್ತದೆ.

ಹಂತ 4: ಬಸಿಯುವುದು

ಬಟ್ಟೆಯ ವಿಷಯದಲ್ಲಿ ನಾನೇ ಪೆಟ್ಟು ತಿಂದವಳು. ಮೊದಲ ಸಲ ಅಪ್ಪನ ಹಳೆಯ ಮಲ್‌ಪಂಚೆಯ ತುಂಡು ಬಳಸಿದೆ. ಮಷೀನಿನಲ್ಲಿ ಒಗೆದದ್ದು, ಚೊಕ್ಕವಾಗಿಯೇ ಇತ್ತು. ಮಾರನೇ ದಿನ ಬ್ರೆಡ್ಡಿಗೆ ಹಚ್ಚಿ ಬಾಯಿಗಿಟ್ಟರೆ ಲ್ಯಾವೆಂಡರ್ ಘಮಘಮ! ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಸುವಾಸನೆಯ ದ್ರಾವಣ ಅದಕ್ಕೆ ಅಂಟಿಕೊಂಡಿತ್ತು. ಈಗ ಈ ಕೆಲಸಕ್ಕೇ ಒಂದು ಬಟ್ಟೆ ಬೇರೆ ಇಟ್ಟಿದ್ದೇನೆ. ಬರೀ ನೀರಿನಲ್ಲಿ ಕುದಿಸಿ ಒಣಗಿಸುತ್ತೇನೆ, ಅಷ್ಟೇ.

ಜರಡಿಯ ಮೇಲೆ ಒದ್ದೆ ಬಟ್ಟೆ ಹಾಸಿ, ಹೆಪ್ಪನ್ನು ಸೌಟಿನಲ್ಲಿ ಎತ್ತಿ ಹಾಕಿ. ಧಬಕ್ಕನೆ ಸುರಿಯಬೇಡಿ. ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್ಜಿನಲ್ಲಿ ನಾಲ್ಕರಿಂದ ಆರು ಗಂಟೆ ಬಿಡಿ. ಶ್ರೀಖಂಡಕ್ಕೆ ಮೊಸರು ಕಟ್ಟುವ ಹಾಗೆ ಗಂಟು ಕಟ್ಟಿ ನೇತುಹಾಕುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಗಂಟಿನ ಭಾರಕ್ಕೆ ಹೊರಪದರ ಒಣಗಿ ಗಟ್ಟಿಯಾಗುತ್ತದೆ, ನಡುವೆ ನೀರು ಉಳಿಯುತ್ತದೆ. ಹಿಂಡುವುದಂತೂ ಇನ್ನೂ ಕೆಟ್ಟದ್ದು. ಸಣ್ಣ ಕಣಗಳು ಬಟ್ಟೆಯ ಎಳೆಯಲ್ಲಿ ಸಿಕ್ಕಿ ದಾರಿಯೇ ಮುಚ್ಚಿಹೋಗುತ್ತದೆ. ಗಂಟೆಗೊಮ್ಮೆ ಚಮಚದಿಂದ ಅಂಚಿನದ್ದನ್ನು ನಡುವಿಗೆ ಎಳೆದು ಬಿಡಿ, ಬಟ್ಟೆ ಮತ್ತೆ ಉಸಿರಾಡುತ್ತದೆ.

250–300 ಗ್ರಾಂ ಸಿಗುತ್ತದೆ. ತೀರಾ ಗಟ್ಟಿಯಾಗಿದ್ದರೆ ಬಸಿದ ನೀರನ್ನೇ ಒಂದೆರಡು ಚಮಚ ಸೇರಿಸಿ ಕಡೆಯಿರಿ. ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ.

ಹಂತ 5: ತಿನ್ನುವುದು

ಕ್ರೀಮ್ ಚೀಸ್ ಬದಲಿಗೆ ಬ್ರೆಡ್ಡಿಗೆ: ಉಪ್ಪು, ಮೆಣಸಿನ ಪುಡಿ, ಹೆಚ್ಚಿದ ಈರುಳ್ಳಿ ಸೊಪ್ಪು. ಮುಗಿಯಿತು. ಕೊಬ್ಬಿಲ್ಲದ ಅಂಗಡಿ ಕ್ವಾರ್ಕ್ ಬಾಯಿಗೆ ಸುಣ್ಣದ ಹಾಗೆ ಅನ್ನಿಸಿದರೆ ಸೋಡಾದಂಥ ಗುಳ್ಳೆ ನೀರು ಎರಡು ಚಮಚ ಹಾಕಿ ಕಡೆಯಿರಿ. ಕೆನೆ ಹಾಕಿದ ಹಾಗೆ ಹಗುರವಾಗುತ್ತದೆ. ಇದು ಇಲ್ಲಿನವರ ಹಳೆಯ ಉಪಾಯ.

ನನಗೆ ಅತಿ ಇಷ್ಟವಾದದ್ದನ್ನು ಕಲಿಸಿದವರು ನಮ್ಮ ಮನೆ ಮಾಲಕಿ ಅಜ್ಜಿ. ಅವರು ಪೂರ್ವ ಜರ್ಮನಿಯ ಲೌಸಿಟ್ಸ್ ಕಡೆಯವರು. ಅಲ್ಲಿಯ ಊಟವೆಂದರೆ ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ, ಪಕ್ಕದಲ್ಲಿ ಕ್ವಾರ್ಕ್, ಅದರ ನಡುವೆ ಚಮಚದಿಂದ ಗುಳಿ ಮಾಡಿ ಸುರಿದ ಹೊಂಬಣ್ಣದ ಅಗಸೆ ಎಣ್ಣೆ. ಮೊದಲ ತುತ್ತಿಗೇ ನನಗೆ ನೆನಪಾದದ್ದು ಗಟ್ಟಿ ಮೊಸರಿನಲ್ಲಿ ಕಲಸಿದ ಅಗಸಿ ಹಿಂಡಿ! ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಣ್ಣೆ ಮಾತ್ರ ತಾಜಾ ಇರಲಿ. ಸಣ್ಣ ಬಾಟಲಿ ಕೊಂಡು ಫ್ರಿಜ್ಜಿನಲ್ಲಿಡಿ, ಹಳತಾದರೆ ಕಹಿ. ಒಗ್ಗರಣೆಗೆ ಬಳಸಬೇಡಿ.

ಜರ್ಮನ್ನರ ಚೀಸ್ ಕೇಕಿಗೆ ಹಾಕುವುದೂ ಕ್ವಾರ್ಕನ್ನೇ, ಅಮೆರಿಕದವರ ಹಾಗೆ ಕ್ರೀಮ್ ಚೀಸ್ ಅಲ್ಲ. ನೀವು ಬದಲಾಯಿಸಿಕೊಳ್ಳುವುದಾದರೆ ಕ್ವಾರ್ಕನ್ನು ಇನ್ನೊಂದು ಗಂಟೆ ಬಸಿದು, ಒಂದು ಚಮಚ ಕಾರ್ನ್‌ಫ್ಲೋರ್ ಜಾಸ್ತಿ ಹಾಕಿ. ಇಲ್ಲದಿದ್ದರೆ ತಳ ಒದ್ದೆಯಾಗುತ್ತದೆ. ಕುದಿಯುವ ಗ್ರೇವಿಗೆ ಹಾಕಬೇಡಿ, ಒಡೆಯುತ್ತದೆ.

ಬೆಂಗಳೂರಲ್ಲಿ ಮಾಡಬಹುದಾ ಅಂತ ತಂಗಿ ಕೇಳುತ್ತಿರುತ್ತಾಳೆ. ಮಾಡಬಹುದು. ಪ್ಯಾಕೆಟ್ ಹಾಲು ತಾಜಾ ಇರಬೇಕು. ಬುಟರ್‌ಮಿಲ್ಶ್ ಸಿಗದಿದ್ದರೆ ಹುಳಿಯಿಲ್ಲದ ಮನೆ ಮೊಸರು ಎರಡು ಚಮಚ ಸಾಕು. ಸೆಕೆಗೆ ಬೇಗ ಹುಳಿಯುವುದರಿಂದ ಎಂಟು ಗಂಟೆ ಆದ ಮೇಲೆ ಆಗಾಗ ನೋಡುತ್ತಿರಿ. ರುಚಿಯಲ್ಲಿ ಅದು ಕ್ವಾರ್ಕ್‌ನ ದಾಯಾದಿ, ತದ್ರೂಪವಲ್ಲ. ಮಸಾಲೆ ಮಜ್ಜಿಗೆಯ ಪ್ಯಾಕೆಟ್ಟಿನಿಂದ ಹೆಪ್ಪು ಹಾಕಲು ಹೋಗಬೇಡಿ. ಅವಳು ಹಾಕಿದ್ದಳು. ಇಂಗಿನ ಚೀಸ್ ಕೇಕ್ ಆಯಿತು.

ಬಸಿದ ನೀರು ಮುಕ್ಕಾಲು ಲೀಟರ್‌ನಷ್ಟು ಉಳಿಯುತ್ತದೆ. ಚಪಾತಿ ಹಿಟ್ಟು ಅದರಲ್ಲಿ ಕಲಸಿ, ಮೆತ್ತಗಾಗುತ್ತದೆ. ಸಾರಿಗೆ ಹುಣಸೆಹಣ್ಣು ಕಡಿಮೆ ಮಾಡಿ ಅದನ್ನು ಹಾಕಬಹುದು. ದಾವಣಗೆರೆಯ ಹುಡುಗ ಅದಕ್ಕೆ ಉಪ್ಪು, ಹಸಿಮೆಣಸಿನಕಾಯಿ, ಕರಿಬೇವು ಜಜ್ಜಿ ಹಾಕಿ ಬಾಟಲಿಯಲ್ಲಿ ತುಂಬಿಕೊಂಡು ಲ್ಯಾಬಿಗೆ ಒಯ್ಯುತ್ತಾನೆ.