ಸೋಲಾರ್ ಹಾಕಿಸಿದ ಮೇಲೆ ನಮ್ಮನೆ ಟೈಮ್‌ಟೇಬಲ್ಲೇ ಬದಲಾಯ್ತು

ಸೋಲಾರ್ ಹಾಕಿಸ್ಬೇಕು ಅಂದ ತಕ್ಷಣ ಎಲ್ರೂ ಕೇಳೋದು ಎಷ್ಟು ಕಿಲೋವ್ಯಾಟ್ ಹಾಕಿಸೋಣ ಅಂತ. ನಾನು ಆ ಪ್ರಶ್ನೇನ ಸ್ವಲ್ಪ ಪಕ್ಕಕ್ಕಿಟ್ಟು, ಮನೇಲಿ ಕರೆಂಟ್ ಎಲ್ಲೆಲ್ಲಿ ಹೋಗ್ತಿದೆ, ಯಾವ ಹೊತ್ತಲ್ಲಿ ಹೋಗ್ತಿದೆ ಅಂತ ನೋಡೋದ್ರಿಂದ ಶುರು ಮಾಡ್ದೆ. ಇವತ್ತು ಯಾರೇ ಕೇಳಿದ್ರೂ ಅದನ್ನೇ ಮೊದಲು ಮಾಡಿ ಅಂತೀನಿ. ಯಾಕಂದ್ರೆ ಪ್ಯಾನೆಲ್ ಬಂದ್ಮೇಲೆ ನಿಜವಾಗಿ ಬದಲಾಗೋದು ಬಿಲ್ಲಿಗಿಂತ ಹೆಚ್ಚಾಗಿ ಮನೆ ಕೆಲಸಗಳ ಹೊತ್ತು.

ಅಳೆಯೋಕೆ ದೊಡ್ಡ ಸಾಮಾನೇನೂ ಬೇಡ. ಡಿಜಿಟಲ್ ಮೀಟರ್ ಮೇಲೆ ಒಂದು ಪುಟ್ಟ ಕೆಂಪು ಲೈಟ್ ಮಿಣುಕ್ತಾ ಇರತ್ತೆ ನೋಡಿ, ಅದರ ಪಕ್ಕ ಒಂದು ಯೂನಿಟ್‌ಗೆ ಎಷ್ಟು ಸಲ ಮಿಣುಕತ್ತೆ ಅಂತ ಬರೆದಿರತ್ತೆ, ನಮ್ಮ ಮೀಟರಲ್ಲಿ 3200, ನಿಮ್ಮದ್ರಲ್ಲಿ ಬೇರೆ ಇರಬಹುದು. 36 ಲಕ್ಷವನ್ನ ಆ ನಂಬರಿಂದ ಭಾಗಿಸಿ, ಬಂದಿದ್ದನ್ನ ಎರಡು ಮಿಣುಕಿನ ಮಧ್ಯೆ ಎಷ್ಟು ಸೆಕೆಂಡ್ ಆಯ್ತೋ ಅದರಿಂದ ಮತ್ತೆ ಭಾಗಿಸಿದ್ರೆ ಆ ಕ್ಷಣಕ್ಕೆ ಮನೇಲಿ ಎಷ್ಟು ವ್ಯಾಟ್ ಓಡ್ತಿದೆ ಅಂತ ಗೊತ್ತಾಗತ್ತೆ. ನಮಗೆ ಲೆಕ್ಕ ಸುಲಭ, 1125 ಭಾಗ ಸೆಕೆಂಡ್. ರಾತ್ರಿ ಲೈಟು ಫ್ಯಾನು ಎಲ್ಲಾ ಆರಿಸಿ, ಫ್ರಿಜ್ ಕಂಪ್ರೆಸರ್ ನಿಂತಿರೋ ಹೊತ್ತಲ್ಲಿ ಮೊಬೈಲ್ ಸ್ಟಾಪ್‌ವಾಚ್ ಹಿಡ್ಕೊಂಡು ಮೀಟರ್ ಮುಂದೆ ನಿಂತ್ರೆ 15 ಸೆಕೆಂಡಿಗೊಂದು ಮಿಣುಕು ಬರ್ತಿತ್ತು, ಅಂದ್ರೆ ಯಾರೂ ಏನೂ ಬಳಸದೆ 75 ವ್ಯಾಟ್. ಇಪ್ಪತ್ನಾಲ್ಕು ಗಂಟೆಗೆ 1.8 ಯೂನಿಟ್. ಸೆಟ್‌ಟಾಪ್ ಬಾಕ್ಸು, ಟಿವಿ, ಸ್ಪೀಕರ್, ಪ್ರಿಂಟರ್, ರೂಟರ್, ಎಲ್ಲಾ ಸೇರಿ. ಒಂದೊಂದೇ ಪ್ಲಗ್ ತೆಗೀತಾ ಬಂದ್ರೆ ಮಿಣುಕು ನಿಧಾನ ಆಗೋದು ಕಣ್ಣಿಗೇ ಕಾಣತ್ತೆ. ಮನೆಯವರಿಗೆಲ್ಲ ಕರೆಂಟ್ ಉಳಿಸಿ ಅಂತ ಎಷ್ಟು ಹೇಳಿದ್ರೂ ಆಗದಿದ್ದ ಕೆಲಸ ಆ ಕೆಂಪು ಲೈಟ್ ತೋರಿಸಿದ್ಮೇಲೆ ಆಯ್ತು.

ಆಮೇಲೆ ಫ್ಯಾನ್. ಹಳೇ ಸೀಲಿಂಗ್ ಫ್ಯಾನ್ ಫುಲ್ ಸ್ಪೀಡಲ್ಲಿ ಹತ್ತತ್ರ 75 ವ್ಯಾಟ್ ತಿನ್ನತ್ತೆ, ಬಿಎಲ್‌ಡಿಸಿ ಮೋಟಾರ್ ಫ್ಯಾನ್ ಅದೇ ಗಾಳಿಗೆ 30 ವ್ಯಾಟ್ ಆಸುಪಾಸು. ನಾಲ್ಕು ಫ್ಯಾನ್ ರಾತ್ರಿ 8 ಗಂಟೆ ಓಡಿದ್ರೆ ಮೊದಲಿಗೆ 2.4 ಯೂನಿಟ್, ಈಗ ಒಂದು ಯೂನಿಟ್ ಕೂಡ ಆಗಲ್ಲ. ಈ ವ್ಯತ್ಯಾಸ ನೇರವಾಗಿ ಬ್ಯಾಟರಿ ಸೈಜಿಗೆ ಬಂದು ನಿಲ್ಲತ್ತೆ, ಯಾಕಂದ್ರೆ ರಾತ್ರಿ ಉರಿಯೋ ಪ್ರತಿ ಯೂನಿಟ್ಟನ್ನೂ ಹಗಲು ತುಂಬಿಡ್ಬೇಕು. ಹಾಗಾಗಿ ಬ್ಯಾಟರಿ ಬೆಲೆ ವಿಚಾರಿಸೋ ಮುಂಚೆ ಫ್ಯಾನ್ ಬದಲಾಯಿಸಿ. ಲೈಟ್ ಬಗ್ಗೆ ಹೆಚ್ಚು ಹೇಳೋದಿಲ್ಲ, 60 ವ್ಯಾಟ್ ಬಲ್ಬಿನ ಬೆಳಕು 9 ವ್ಯಾಟಲ್ಲಿ ಬರೋದು ಈಗ ಎಲ್ರಿಗೂ ಗೊತ್ತು. ಬಿಳಿ ಎಲ್‌ಇಡಿಗೆ ದಾರಿ ಮಾಡಿಕೊಟ್ಟಿದ್ದು ನೀಲಿ ಎಲ್‌ಇಡಿ, ಅದನ್ನ ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಮುರಾ ಮೂವರಿಗೂ 2014ರಲ್ಲಿ ನೊಬೆಲ್ ಕೊಟ್ಟಾಗ ನಂಗಂತೂ ತುಂಬಾ ಖುಷಿ ಆಗಿತ್ತು, ಮನೆಮನೆಗೂ ತಲುಪಿದ ವಿಜ್ಞಾನ ಅದು.

ಇಷ್ಟೆಲ್ಲಾ ಮಾಡಿದ್ಮೇಲೆ ನಮಗೆ ಬೇಕಾಗಿದ್ದು ಸುಮಾರು 3 ಕಿಲೋವ್ಯಾಟ್. 540 ವ್ಯಾಟಿನ 6 ಪ್ಯಾನೆಲ್. ಭೂಮಧ್ಯರೇಖೆಗಿಂತ ಉತ್ತರಕ್ಕಿರೋರು ದಕ್ಷಿಣಕ್ಕೆ ಮುಖ ಮಾಡಿ ಕೂರಿಸ್ತಾರೆ, ದಕ್ಷಿಣಕ್ಕಿರೋರು ಉತ್ತರಕ್ಕೆ, ಅದರಲ್ಲಿ ತಲೆಕೆಡಿಸ್ಕೊಳ್ಳೋದು ಏನಿಲ್ಲ. ತಲೆಕೆಡಿಸ್ಕೊಳ್ಬೇಕಾಗಿರೋದು ನೆರಳಿನ ಬಗ್ಗೆ. ಪ್ಯಾನೆಲ್‌ಗಳು ಒಂದರ ಹಿಂದೆ ಒಂದು ಸೀರೀಸಲ್ಲಿ ಇರತ್ತಲ್ಲ, ಒಂದು ಮೂಲೆಗೆ ನೆರಳು ಬಿದ್ರೂ ಆ ಭಾಗದ ಕರೆಂಟ್ ಕುಗ್ಗತ್ತೆ, ಕುಗ್ಗಿದ ಭಾಗನ ಬಿಟ್ಟು ಕರೆಂಟ್ ಪಕ್ಕದಿಂದ ಹೋಗೋಕೆ ದಾರಿ ಕೊಡೋ ಬೈಪಾಸ್ ಡಯೋಡ್ ಇರೋದ್ರಿಂದ ಇಡೀ ಸಾಲು ನಿಲ್ಲಲ್ಲ, ಆದ್ರೆ ಒಂದು ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ 3 ಡಯೋಡ್ ಇರತ್ತೆ, ಹಾಗಾಗಿ ಅಂಗೈಯಗಲದ ನೆರಳಿಗೂ ಆ ಪ್ಯಾನೆಲ್ಲಿನ ಮೂರನೇ ಒಂದು ಭಾಗ ಹೋಯ್ತು ಅಂತಾನೇ ಲೆಕ್ಕ. ನಮ್ಮನೇಲಿ ನೀರಿನ ಟ್ಯಾಂಕ್ ನೆರಳು ಮೂರು ಗಂಟೆ ಮೇಲೆ ತುದಿ ಪ್ಯಾನೆಲ್ ಮೇಲೆ ಬರೋದು ಸೋಲಾರ್ ಆ್ಯಪ್‌ನ ಗ್ರಾಫಲ್ಲಿ ಸ್ಪಷ್ಟ ಕಾಣತ್ತೆ, ಗುಡ್ಡದ ಹಾಗೆ ನುಣ್ಣಗೆ ಇಳೀತಿರೋ ಗೆರೆ ಅಲ್ಲಿ ಸಡನ್ನಾಗಿ ಒಂದು ಮೆಟ್ಟಿಲು ಇಳಿಯತ್ತೆ. ಹಾಕಿಸೋ ಮುಂಚೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಟೆರೇಸ್ ಮೇಲೆ ಹೋಗಿ ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ, ಋತು ಬದಲಾದಾಗ ಇನ್ನೊಂದ್ಸಲ ಎಳೀರಿ.

ಇನ್ನೊಂದು ವಿಷ್ಯ, ಸುಡು ಬಿಸಿಲಿನ ದಿನ ಜಾಸ್ತಿ ಕರೆಂಟ್ ಬರತ್ತೆ ಅನ್ನೋದು ಪೂರ್ತಿ ನಿಜ ಅಲ್ಲ. ಪ್ಯಾನೆಲ್ ಮೇಲೆ ಬರೆದಿರೋ ವ್ಯಾಟ್ 25 ಡಿಗ್ರಿಯಲ್ಲಿ ಅಳೆದಿದ್ದು, ಅದರ ಮೇಲೆ ಪ್ರತಿ ಡಿಗ್ರಿಗೂ ಸುಮಾರು 0.35 ಪರ್ಸೆಂಟ್ ಕಮ್ಮಿ ಆಗ್ತಾ ಹೋಗತ್ತೆ, ಬಿಸಿಲಲ್ಲಿ ಕಾದ ಪ್ಯಾನೆಲ್ 65 ಡಿಗ್ರಿ ಮುಟ್ಟಿದ್ರೆ 14 ಪರ್ಸೆಂಟ್ ಹೋಯ್ತು. ಗಾಳಿ ಬೀಸ್ತಾ ಇರೋ, ಆಕಾಶ ತೊಳೆದಿಟ್ಟ ಹಾಗಿರೋ ತಂಪು ದಿನಗಳೇ ನಮ್ಮ ಒಳ್ಳೊಳ್ಳೆ ದಿನಗಳು. ಅದಕ್ಕೇ ಪ್ಯಾನೆಲ್ ಕೆಳಗೆ ಗಾಳಿ ಆಡೋಕೆ ಜಾಗ ಬಿಡಿಸಿ, ಛಾವಣಿಗೆ ಅಂಟಿಸಿ ಹಾಕಿಸ್ಬೇಡಿ. ತೊಳೆಯೋದು ಕೂಡ ಬೆಳ್ಳಂಬೆಳಿಗ್ಗೆನೇ, ಕಾದ ಗಾಜಿನ ಮೇಲೆ ತಣ್ಣೀರು ಹಾಕೋದು ಒಳ್ಳೇದಲ್ಲ.

ಈಗ ಟೈಮ್‌ಟೇಬಲ್ ವಿಷ್ಯಕ್ಕೆ ಬರ್ತೀನಿ. ಮುಂಚೆ ವಾಷಿಂಗ್ ಮಷಿನ್ ರಾತ್ರಿ ಊಟ ಆದ್ಮೇಲೆ, ಮೋಟಾರ್ ಬೆಳಗಿನ ಜಾವ, ಇಸ್ತ್ರಿ ಮಲಗೋ ಮುಂಚೆ. ಈಗ ಎಲ್ಲಾ ಹತ್ತರಿಂದ ಮೂರರ ಒಳಗೆ ಬಂದು ಕೂತಿದೆ. ಮೋಟಾರಿಗೆ ಟೈಮರ್ ಹಾಕಿದೀವಿ, 1 ಎಚ್‌ಪಿ ಅಂದ್ರೆ 746 ವ್ಯಾಟು, ಅದು ಹನ್ನೊಂದು ಗಂಟೆಗೆ ತಾನೇ ಶುರುವಾಗತ್ತೆ. ಅಮ್ಮ ಆ್ಯಪ್ ತೆಗೆದು ನೋಡಿ "ಈಗ ಎರಡು ಸಾವಿರದ ಮೇಲಿದೆ ಕಣೋ, ಮಷಿನ್ ಹಾಕ್ಬಿಡ್ಲಾ?" ಅಂತಾರೆ, ಮೋಡ ಬಂದ್ರೆ ಇಸ್ತ್ರಿ ನಾಳೆಗೆ ಅಂತ ಅವರೇ ತೀರ್ಮಾನ ಮಾಡ್ತಾರೆ. ಒಂದೇ ಸಲಕ್ಕೆ ಎಲ್ಲಾ ಆನ್ ಮಾಡೋದು ಬಿಟ್ಟು ಒಂದಾದ ಮೇಲೊಂದು ಹಾಕೋದು ಅಭ್ಯಾಸ ಆಗಿದೆ, ಇಂಡಕ್ಷನ್ 2000 ವ್ಯಾಟ್ ಎಳೀತಿರೋವಾಗ ಮೋಟಾರ್ ಬೇಡ ಅನ್ನೋದು ಮಕ್ಕಳಿಗೂ ಗೊತ್ತು. ಬೆಳಗಿನ ಅಡುಗೆ ಮಾತ್ರ ಹಗಲಿಗೆ ತಳ್ಳೋಕೆ ಆಗಲ್ಲ, ಅದು ಗ್ರಿಡ್ ಕರೆಂಟಲ್ಲೇ, ಅಂದ್ರೆ ಹೊರಗಿನ ಲೈನಿಂದ ಬರೋ ಕರೆಂಟಲ್ಲೇ ನಡಿಯತ್ತೆ, ನಡೀಲಿ.

ಹಾಕಿಸೋರು ಹೆಚ್ಚಿನವರು ಗಮನಿಸದೇ ಇರೋದು ಇದು: ಬರೀ ಗ್ರಿಡ್‌ಗೆ ಕೂಡಿಸಿರೋ ಸೋಲಾರ್, ಲೈನ್ ಕರೆಂಟ್ ಹೋದ ತಕ್ಷಣ ತಾನೂ ನಿಂತ್ಹೋಗತ್ತೆ, ಮಟಮಟ ಮಧ್ಯಾಹ್ನ ಆದ್ರೂನೂ. ಕಂಬ ಹತ್ತಿ ರಿಪೇರಿ ಮಾಡ್ತಿರೋ ಲೈನ್‌ಮ್ಯಾನ್‌ಗೆ ನಮ್ಮನೆ ಕರೆಂಟ್ ಹಿಂದಿನಿಂದ ಹೋಗಿ ಹೊಡೀಬಾರ್ದು ಅಂತ ಇನ್ವರ್ಟರ್ ಒಳಗೇ ಆ ಏರ್ಪಾಡು ಇದೆ. ಕರೆಂಟ್ ಹೋದಾಗ್ಲೂ ನಡೀಬೇಕು ಅಂದ್ರೆ ಹೈಬ್ರಿಡ್ ಇನ್ವರ್ಟರ್ (ಸೋಲಾರ್, ಬ್ಯಾಟರಿ, ಗ್ರಿಡ್ ಮೂರನ್ನೂ ನಿಭಾಯಿಸೋದು) ಮತ್ತು ಬ್ಯಾಟರಿ ಬೇಕು. ನಾವು ಹಾಕಿಸಿದ್ದು 5 ಯೂನಿಟಿನ ಲಿಥಿಯಂ ಐರನ್ ಫಾಸ್ಫೇಟ್, ಲೆಡ್ ಆಸಿಡ್ ಬ್ಯಾಟರೀನ ಅರ್ಧಕ್ಕಿಂತ ಕೆಳಗೆ ಇಳಿಸ್ತಾ ಹೋದ್ರೆ ಆಯಸ್ಸು ಬೇಗ ಮುಗಿಯತ್ತೆ, ಲಿಥಿಯಂದನ್ನ 80-90 ಪರ್ಸೆಂಟ್ ಬಳಸ್ಬಹುದು, ಸಾವಿರಾರು ಸಲ ತುಂಬಿ ಖಾಲಿ ಮಾಡ್ಬಹುದು. ಫ್ಯಾನು, ಲೈಟು, ಫ್ರಿಜ್, ರೂಟರ್ ಇಷ್ಟಕ್ಕೆ ಬೇರೆ ಲೈನ್ ಎಳೆಸಿ ಅದಕ್ಕೆ ಕೊಟ್ಟಿದೀವಿ, ಮೋಟಾರ್ ಅದರ ಮೇಲಿಲ್ಲ, ಸ್ಟಾರ್ಟ್ ಆಗೋ ಕ್ಷಣಕ್ಕೆ ಅದು ಐದಾರು ಪಟ್ಟು ಕರೆಂಟ್ ಎಳಿಯತ್ತೆ. ರಾತ್ರಿ ಕರೆಂಟ್ ಹೋಗಿದ್ದು ಪಕ್ಕದ ಮನೆ ಕತ್ತಲೆ ನೋಡಿದ್ಮೇಲೆ ಗೊತ್ತಾಗತ್ತೆ ನಮಗೆ.

ದಯವಿಟ್ಟು ಇದೊಂದು ನೆನಪಿಡಿ, ಬಿಸಿಲಿರೋವಾಗ ಪ್ಯಾನೆಲ್ ವೈರಿನ ಕನೆಕ್ಟರ್ ಎಳೆದು ಬಿಚ್ಚಬೇಡಿ. 6 ಪ್ಯಾನೆಲ್ ಸೀರೀಸಲ್ಲಿದ್ರೆ 250 ವೋಲ್ಟ್ ಹತ್ರ ಡಿಸಿ (ಒಂದೇ ದಿಕ್ಕಲ್ಲಿ ಹರಿಯೋ ಕರೆಂಟ್) ಇರತ್ತೆ, ಮನೆ ಲೈನಿನ ಎಸಿ ಕರೆಂಟ್ ಆದ್ರೆ ಸೆಕೆಂಡಿಗೆ ಎಷ್ಟೋ ಸಲ ಸೊನ್ನೆಗೆ ಬಂದು ಹೋಗತ್ತೆ, ಡಿಸಿ ಬರಲ್ಲ, ಹಾಗಾಗಿ ಒಮ್ಮೆ ಕಿಡಿ ಹತ್ತಿದ್ರೆ ಅದು ಉರೀತಾನೇ ಇರತ್ತೆ. ಮೊದಲು ಇನ್ವರ್ಟರ್ ಆಫ್, ಆಮೇಲೆ ಡಿಸಿ ಐಸೋಲೇಟರ್ (ಪ್ಯಾನೆಲ್ ಕಡೆ ಲೈನ್ ಕಡಿಯೋ ಸ್ವಿಚ್), ಬಾಕಿದ್ದು ಗೊತ್ತಿರೋ ಎಲೆಕ್ಟ್ರಿಷಿಯನ್ ಕೆಲಸ.

ಎಲೆಕ್ಟ್ರಿಕ್ ಸ್ಕೂಟರ್‌ದು ಮಾತ್ರ ಒಂದು ಪೇಚು, ಬಿಸಿಲಿರೋ ಹೊತ್ತಲ್ಲಿ ಅದು ಮನೇಲೇ ಇರಲ್ಲ. ರಜಾ ದಿನ ಹಗಲು ಚಾರ್ಜ್ ಹಾಕ್ತೀವಿ, 700 ವ್ಯಾಟಿನ ಚಾರ್ಜರ್ ನಿಧಾನಕ್ಕೆ ಹತ್ತಿಸ್ತಾ ಇರತ್ತೆ, ಉಳಿದ ದಿನ ಬಂದ ತಕ್ಷಣ ಹಾಕದೆ ಬ್ಯಾಟರಿ ತಣ್ಣಗಾದ್ಮೇಲೆ ಹಾಕ್ತೀವಿ. ಪೆಟ್ರೋಲ್ ಇಂಜಿನ್ ತಾನು ಕುಡಿದಿದ್ರಲ್ಲಿ ಮುಕ್ಕಾಲು ಭಾಗ ಶಾಖವಾಗೇ ಕಳ್ಕೊಳ್ಳತ್ತೆ, ಎಲೆಕ್ಟ್ರಿಕ್ ಮೋಟಾರ್ ಹೆಚ್ಚಿನದನ್ನ ಚಕ್ರಕ್ಕೇ ಕೊಡತ್ತೆ, ಆ ಲೆಕ್ಕದಲ್ಲಿ ಗ್ರಿಡ್‌ನಿಂದ ಹಾಕಿದ್ರೂ ನಂಗೆ ಸಮಾಧಾನ ಇದೆ.

ಇನ್ನು ಬಾಕಿ ಇರೋದು ಗೀಸರ್. 100 ಲೀಟರ್ ನೀರನ್ನ 30 ಡಿಗ್ರಿ ಏರಿಸೋಕೆ 3.5 ಯೂನಿಟ್ ಬೇಕು, ಹೀಟ್ ಪಂಪ್ ಆದ್ರೆ ಗಾಳಿಯಲ್ಲಿರೋ ಶಾಖಾನೂ ಎಳ್ಕೊಂಡು ಅದನ್ನ ಒಂದೂಕಾಲು ಯೂನಿಟ್ ಆಸುಪಾಸಲ್ಲಿ ಮುಗಿಸತ್ತೆ. ಮಧ್ಯಾಹ್ನ ಹನ್ನೆರಡಕ್ಕೆ ಕಾಯಿಸಿಟ್ರೆ ದಪ್ಪ ಇನ್ಸುಲೇಷನ್ ಇರೋ ಟ್ಯಾಂಕಲ್ಲಿ ಮಾರನೇ ಬೆಳಿಗ್ಗೆ ಸ್ನಾನಕ್ಕೂ ಬಿಸಿ ಉಳಿಯತ್ತೆ, ಬ್ಯಾಟರಿ ಮುಟ್ಟೋದೇ ಬೇಡ. ಟ್ಯಾಂಕ್ ಇಡೋ ಜಾಗ ಅಳೆದಾಗಿದೆ, ಪೈಪ್ ಎಷ್ಟು ಉದ್ದ ಬರತ್ತೆ ಅಂತ ಪ್ಲಂಬರ್ ಬಂದು ನೋಡ್ಬೇಕು.