ನಮ್ಮ ಇಗರ್ಜಿಯ ಬಡಗು ಗೋಡೆ: ನನ್ನ ಅನುಭವ

ನಾನು 30 ವರ್ಷ ಸಿಮೆಂಟು ಕಲಸಿದವನು. ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯೆಲ್ಲ ಮನೆ ಕಟ್ಟಿಸುವ ಸಣ್ಣ ಕಂಟ್ರಾಕ್ಟು ನನ್ನದು. ನಮ್ಮ ಇಗರ್ಜಿಯ (ಚರ್ಚಿನ) ಬಡಗು ಗೋಡೆಗೆ ಸಿಮೆಂಟು ಸಾರಣೆ ಮಾಡಿಸಿದವನೂ ನಾನೇ. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಮರಿಯ ಮಾತೆಗೆ ನನ್ನ ಸೇವೆ ಅಂತ ಮನಸ್ಸಿಟ್ಟು ಮಾಡಿದ ಕೆಲಸ ಅದು. 14 ವರ್ಷ ಕಳೆದ ಮೇಲೆ ಅದೇ ಸಾರಣೆಯನ್ನು ಉಳಿ, ಸುತ್ತಿಗೆ ಹಿಡಿದು ನಾನೇ ಕೆತ್ತಿ ತೆಗೆದೆ.

ಮೊಂತಿ ಫೆಸ್ತಿನ, ಅಂದರೆ ಮರಿಯ ಮಾತೆಯ ಹುಟ್ಟುಹಬ್ಬದ, ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ನಡೆಯುತ್ತಿತ್ತು. ಮಕ್ಕಳು ಹೂ ಹಿಡಿದು ಸಾಲಾಗಿ ಬರುತ್ತಿದ್ದಾಗ ಗೋಡೆಯಿಂದ ಒಂದು ಚಕ್ಕೆ ಬಿತ್ತು. ತಟ್ಟೆಯಷ್ಟು ದೊಡ್ಡದು. ಪುಣ್ಯಕ್ಕೆ ಆ ಬದಿಯ ಎರಡು ಸಾಲು ಬೆಂಚು ಖಾಲಿ ಇದ್ದವು. ಮಳೆಗಾಲದಲ್ಲಿ ಅಲ್ಲಿ ಯಾರೂ ಕೂರುತ್ತಿರಲಿಲ್ಲ, ಗೋಡೆ ಒದ್ದೆ, ಬೂಷ್ಟು ವಾಸನೆ. ಪ್ರಾರ್ಥನೆ ಮುಗಿದ ಮೇಲೆ ನಾನು ಹೋಗಿ ಬಿದ್ದ ಜಾಗಕ್ಕೆ ಬೆರಳು ಹಾಕಿದೆ. ಕಲ್ಲು ಇರಬೇಕಾದಲ್ಲಿ ಕೆಂಪು ಪುಡಿ. ಬೆಲ್ಲದ ಪುಡಿಯ ಹಾಗೆ ಕೈಗೆ ಉದುರಿತು. ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋದೆ. ಅರ್ಧ ಗೋಡೆ ಟೊಳ್ಳು ಶಬ್ದ ಕೊಟ್ಟಿತು.

ಗೋಡೆ ಕಟ್ಟಿದ ಮುರಕಲ್ಲಿನ, ಅಂದರೆ ಕೆಂಪು ಕಲ್ಲಿನ, ಗುಣ ನನಗೆ ಗೊತ್ತಿರಲಿಲ್ಲ ಅಂತಲ್ಲ. ನೆಲದಿಂದ ಎತ್ತುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಈ ಕರಾವಳಿಯಲ್ಲಿ ತಿರುಗಾಡಿ ಬರೆದಿಟ್ಟ ಬ್ರಿಟಿಷ್ ಅಧಿಕಾರಿ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರು ಕೊಟ್ಟದ್ದೂ ಅದಕ್ಕೇ. ಲ್ಯಾಟಿನ್‌ನಲ್ಲಿ ಲೇಟರ್ ಅಂದರೆ ಇಟ್ಟಿಗೆ. ಇಟ್ಟಿಗೆ ಹಾಗೆ ಕಡಿದು ಕಟ್ಟುವ ಕಲ್ಲು. ಆದರೆ ಅದರ ಮೈತುಂಬ ತೂತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಮ್ಮಂಥ ಊರಲ್ಲಿ ಆ ಕಲ್ಲು ನೆಲದಿಂದ ನೀರು ಕುಡಿಯುತ್ತಲೇ ಇರುತ್ತದೆ. ಕುಡಿದ ನೀರು ಗೋಡೆಯ ಮೈಯಿಂದ ಆವಿಯಾಗಿ ಹೊರಗೆ ಹೋಗಬೇಕು. ಸುಣ್ಣದ ಸಾರಣೆ ಅದಕ್ಕೆ ದಾರಿ ಬಿಡುತ್ತದೆ. ನಾನು ಹಾಕಿಸಿದ ಸಿಮೆಂಟು, ಅದರ ಮೇಲೆ ಬಳಿಸಿದ ಪ್ಲಾಸ್ಟಿಕ್ ಪೇಂಟು, ಎರಡೂ ಸೇರಿ ಆ ದಾರಿ ಮುಚ್ಚಿದ್ದವು. ನೀರು ಒಳಗೇ ನಿಂತು, ಮೇಲಕ್ಕೆ ಹತ್ತಿ, ಕಲ್ಲನ್ನು ಪುಡಿ ಮಾಡಿತು. ಹೊರಗಿನಿಂದ ನೋಡಿದರೆ ಗೋಡೆ ಚಂದವೇ ಇತ್ತು.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಸಭೆ. ಕೆಡವಿ ಹೊಸದು ಕಟ್ಟೋಣ ಎನ್ನುವವರು ಜಾಸ್ತಿ ಇದ್ದರು. ಅವರನ್ನು ನಾನು ದೂರುವುದಿಲ್ಲ. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಒಬ್ಬ ಹುಡುಗ ಎದ್ದು ನಿಂತು, "ನನ್ನ ಮಗಳು ಆ ಹೂವಿನ ಸಾಲಿನಲ್ಲಿ ಇದ್ದಳು" ಅಂದ. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹಣ ಕೊಡಲು ತಯಾರಿದ್ದವನೂ ಅವನೇ. ಫಾದರ್ ಎಲ್ಲ ಕೇಳಿ ಕೊನೆಗೆ ಹೇಳಿದರು: "ಒಂದು ಗೋಡೆ ಮಾಡಿ ತೋರಿಸಿ. ಅದು ಒಂದು ಮಳೆಗಾಲ ನಿಂತರೆ ಮತ್ತೆ ಮಾತಾಡುವ." ಆ ಒಂದು ಗೋಡೆ ನನ್ನ ತಲೆಗೆ ಬಂತು. ಬರಬೇಕಾದ್ದೂ ನನಗೇ ಅಲ್ವಾ.

ಮೊದಲು ಮಾಡಿದ ಕೆಲಸ, ನಮ್ಮ ಇಗರ್ಜಿ ಎಷ್ಟು ಹಳೆಯದು ಎಂದು ಹುಡುಕಿದ್ದು. ಹಿರಿಯರೆಲ್ಲ 1865 ಅನ್ನುತ್ತಿದ್ದರು. ಯಾಕೆಂದರೆ ಹೆಂಚಿನ ಮೇಲೆ ಹಾಗೆ ಅಚ್ಚಾಗಿದೆ. ಒಂದು ಹೆಂಚು ಇಳಿಸಿ, ಪಾಚಿ ಉಜ್ಜಿ ನೋಡಿದೆ. ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಆ ಹೆಂಚು ಸುಟ್ಟ ವರ್ಷ ಅಲ್ಲ. ಹಾಗಂತ ಹೆಂಚು ಸುಮ್ನೆ ಬಿಡಲಿಲ್ಲ, ಬೇರೆ ಸಾಕ್ಷಿ ಹೇಳಿತು. ಮೊದಲ ಮಹಾಯುದ್ಧದ ನಂತರ ಬಾಸೆಲ್ ಮಿಶನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಮಿಶನಿನ ಹೆಸರಿರುವ ಹೆಂಚು ಅಂದರೆ ಅದಕ್ಕಿಂತ ಮೊದಲಿನದು. ಅಷ್ಟಾದರೂ ಗಟ್ಟಿಯಾಯಿತು. ಪ್ರೊಟೆಸ್ಟೆಂಟ್ ಮಿಶನಿನವರು ಸುಟ್ಟ ಹೆಂಚಿನ ಕೆಳಗೆ ನಾವು ಕಥೋಲಿಕರು ನೂರು ವರ್ಷಕ್ಕೂ ಮಿಕ್ಕಿ ಪೂಜೆ ಕೇಳಿದ್ದೇವೆ. ಆ ಹೆಂಚು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.

ಇನ್ನು ಪುಸ್ತಕಗಳು. ಜ್ಞಾನಸ್ನಾನದ ದಾಖಲೆ ಲ್ಯಾಟಿನ್‌ನಲ್ಲಿ, ಲೆಕ್ಕದ ಪುಸ್ತಕ ಕನ್ನಡ ಲಿಪಿಯ ಕೊಂಕಣಿಯಲ್ಲಿ, ಸಭೆಯ ನಡಾವಳಿ ಕನ್ನಡದಲ್ಲಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಧರ್ಮಪ್ರಾಂತ್ಯ (ಬಿಷಪರ ಆಡಳಿತದ ಪ್ರದೇಶ) ಮಂಗಳೂರೇ ಉಳಿಯಿತು, ಪುಸ್ತಕದ ಭಾಷೆಯೂ ಬದಲಾಗಲಿಲ್ಲ. ಗೆದ್ದಲು ತಿಂದು ಉಳಿದ ಒಂದು ಲೆಕ್ಕದ ಪುಸ್ತಕದಲ್ಲಿ ಸುಣ್ಣ, ಮರಳು, ಕೂಲಿ ಬರೆದ ಪುಟದಲ್ಲಿ ಮತ್ತೆ ಮತ್ತೆ ಬೆಲ್ಲ ಬರುತ್ತಿತ್ತು. ಕೆಲಸದವರ ಚಾಕ್ಕೆ ಇರಬೇಕು ಅಂದುಕೊಂಡೆ. ಆದರೆ ಅಷ್ಟು ಬೆಲ್ಲ ಚಾಕ್ಕೆ ಬೇಕಾಗುವುದಿಲ್ಲ.

ಉತ್ತರ ಕೊಟ್ಟವರು ಒಬ್ಬ ಮುದಿ ಮೇಸ್ತ್ರಿ. ಸುಣ್ಣದ ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿತ್ತು ಅವರಿಗೆ. ತಂದೆಯ ಜೊತೆ ಗುತ್ತಿನ ಮನೆಗಳಿಗೆ, ದೇವಸ್ಥಾನಗಳಿಗೆ ಸುಣ್ಣದ ಗಾರೆ ಮಾಡಿದ್ದವರು. ಪುಸ್ತಕ ಓದಿ ಹೇಳಿದ ಕೂಡಲೇ ನಕ್ಕರು. ನಮ್ಮ ಕಡೆ ಕ್ರೈಸ್ತರನ್ನು ಪೊರ್ಬು ಅಂತ ಕರೆಯುತ್ತಾರೆ. "ಅದು ಗೋಡೆಗೆ ಪೊರ್ಬುಗಳೇ. ಬೆಲ್ಲದ ನೀರು ಹಾಕದೆ ನಾವು ಗಾರೆ ಕಲಸುದೇ ಇಲ್ಲ." ಕೆಲಸಕ್ಕೆ ಬರಲು ಅವರ ಮಗ ಬಿಡಲಿಲ್ಲ, ಮಂಡಿ ನೋವು. ಕೊನೆಗೆ ಕುರ್ಚಿ ಹಾಕಿಸಿ ಕೂರಿಸುತ್ತೇವೆ, ಬಾಯಲ್ಲಿ ಹೇಳಿದರೆ ಸಾಕು ಅಂತ ಒಪ್ಪಿಸಿದೆ. ಮೂರನೇ ದಿನಕ್ಕೇ ಕುರ್ಚಿ ಬಿಟ್ಟು ಎದ್ದು ಬಂದು ಕರಣೆ ಹಿಡಿದರು.

ಡಿಸೆಂಬರಿನಲ್ಲಿ ಸಿಮೆಂಟು ಕೆತ್ತಲು ಶುರು ಮಾಡಿದೆವು. ಯಂತ್ರ ಹಾಕಿದರೆ ಕಲ್ಲು ಅದುರಿ ಒಡೆಯುತ್ತದೆ, ಹಾಗಾಗಿ ಎಲ್ಲ ಕೈಯಲ್ಲೇ. ಪ್ರತಿ ಶನಿವಾರ ಒಂದೊಂದು ವಾಳೆಯ (ಇಗರ್ಜಿಗೆ ಸೇರಿದ ಮನೆಗಳ ಗುಂಪಿನ) ಸರದಿ. ವಾಳೆಯ ಮುಖ್ಯಸ್ಥರಾದ ಗುರಿಕಾರರು ಮನೆಮನೆಗೆ ಹೇಳಿ ಜನ ಕರೆತರುತ್ತಿದ್ದರು. ಕಿಟಕಿಯ ಕಮಾನಿನ ಸುತ್ತ ಪೇಂಟು ಕೆರೆಯುವ ನಾಜೂಕಿನ ಕೆಲಸ ಪೂರ್ತಿ ಹೆಂಗಸರು ಮಾಡಿದರು. ಅಲ್ಲಿ ಸಿಮೆಂಟಿನ ಕೆಳಗೆ ಹಳೆಯ ಸುಣ್ಣದ ಸಾರಣೆಯ ಒಂದು ತುಂಡು ಹಾಗೇ ಸಿಕ್ಕಿತು. ಅದರಲ್ಲಿ ನಾಲ್ಕು ಬೆರಳು ಎಳೆದ ಗುರುತು. ನನ್ನ ಬೆರಳು ಇಟ್ಟು ನೋಡಿದೆ. ನನ್ನದಕ್ಕಿಂತ ಸಣ್ಣ ಕೈ, ಕೂಲಿಗೆ ಬಂದ ಯಾವುದೋ ಹೆಂಗಸಿನದೋ ಹುಡುಗನದೋ. ಆ ತುಂಡಿಗೆ ನಾವು ಹೊಸ ಗಾರೆ ಹಚ್ಚಲಿಲ್ಲ. ಈಗಲೂ ಎರಡನೇ ಕಿಟಕಿಯ ಎಡಕ್ಕೆ ಅದು ಕಾಣುತ್ತದೆ.

ಆಮೇಲೆ ನಾನು ದುಡುಕಿದೆ. ಮಾರ್ಚಿನಲ್ಲಿ, ಸುಡು ಬಿಸಿಲಿನಲ್ಲಿ, ಮೇಸ್ತ್ರಿ ಬೇಡ ಎಂದರೂ ಒಂದು ಭಾಗಕ್ಕೆ ದಪ್ಪಗೆ ಒಂದೇ ಸಲ ಗಾರೆ ಹಾಕಿಸಿದೆ. ಪಾಸ್ಕ (ಈಸ್ಟರ್) ಹಬ್ಬಕ್ಕೆ ಮೊದಲು ಜನರಿಗೆ ಏನಾದರೂ ಕಾಣಬೇಕಿತ್ತು. ವಾರದೊಳಗೆ ಬಲೆ ಹೆಣೆದ ಹಾಗೆ ಬಿರುಕು ಬಿಟ್ಟು ಉದುರಿತು. ಮೇಸ್ತ್ರಿ ಬೈಯಲಿಲ್ಲ. "ಸಿಮೆಂಟಿನ ಅವಸರವನ್ನು ಸುಣ್ಣಕ್ಕೆ ಹಾಕಿದ್ರೆ ಆಗುದಿಲ್ಲ ಪೊರ್ಬುಗಳೇ. ಕಲ್ಲಿನ ಒಳಗಿನ ನೀರು ಮೊದಲು ಹೋಗಲಿ." ಅಂದರೆ ಇಡೀ ಬೇಸಗೆ ಗೋಡೆ ಬರಿಮೈಯಲ್ಲಿ ಇರಬೇಕು. ಕೆಂಪು ಕಲ್ಲು ತೆರೆದುಕೊಂಡು ನಿಂತ ಇಗರ್ಜಿಯಲ್ಲೇ ಪಾಸ್ಕದ ಪೂಜೆ ಆಯಿತು. ತುಂಬ ಜನಕ್ಕೆ ನೋವಾಯಿತು, ಕೆಲವರು ನನ್ನ ಜೊತೆ ಮಾತು ಬಿಟ್ಟರು.

ಆ ಬೇಸಗೆಯಲ್ಲಿ ಎರಡು ಕೆಲಸ ಮಾಡಿದೆವು. ನನ್ನ ಲೆಕ್ಕದಲ್ಲಿ ಸಾರಣೆಗಿಂತ ದೊಡ್ಡವು ಇವೇ. ಒಂದು, ಅಂಗಳ. ವಾಹನ ನಿಲ್ಲಿಸಲು ಅಂತ ಗೋಡೆಯ ಬುಡದವರೆಗೆ ಇಂಟರ್‌ಲಾಕ್ ಹಾಕಿ ನೆಲ ಎತ್ತರ ಮಾಡಿದ್ದರು. ಬಿದ್ದ ಮಳೆನೀರೆಲ್ಲ ಗೋಡೆಯ ಪಾದಕ್ಕೇ ಹರಿಯುತ್ತಿತ್ತು. ಗೋಡೆಯಿಂದ ನಾಲ್ಕು ಅಡಿಯಷ್ಟು ಕಿತ್ತು, ಹಳೆಯ ನೆಲದ ಮಟ್ಟಕ್ಕೆ ಇಳಿಸಿ, ಚರಂಡಿ ತೋಡಿ ಜಲ್ಲಿ ತುಂಬಿದೆವು. ನಿಮ್ಮ ಊರಿನಲ್ಲಿ ಹಳೆಯ ಇಗರ್ಜಿಯೋ ಗುಡಿಯೋ ಮಸೀದಿಯೋ ಇದ್ದು ಗೋಡೆ ಒದ್ದೆಯಾಗುತ್ತಿದ್ದರೆ, ದಯವಿಟ್ಟು ಗೋಡೆ ಮುಟ್ಟುವ ಮೊದಲು ಅಂಗಳ ನೋಡಿ.

ಇನ್ನೊಂದು, ಮಾಡು, ಅಂದರೆ ಹೆಂಚಿನ ಚಾವಣಿ. 6,000ದಷ್ಟು ಹೆಂಚು ಇಳಿಸಿ ಒಂದೊಂದನ್ನೇ ತಟ್ಟಿ ನೋಡಿದೆವು. ಗಂಟೆಯ ಹಾಗೆ ಟಣ್ ಅಂದರೆ ಒಳ್ಳೆಯದು, ಸತ್ತ ಶಬ್ದ ಬಂದರೆ ಬಿರುಕು. ಧರ್ಮಬೋಧನೆಯ ಮಕ್ಕಳು ಇದನ್ನು ನಮಗಿಂತ ಬೇಗ ಕಲಿತರು. ಹೆಂಚು ಹೊರುವ ಮರದ ಪಕ್ಕಾಸಿನಲ್ಲಿ ಗೆದ್ದಲು ತಿಂದದ್ದನ್ನು ಮಾತ್ರ ಬದಲಿಸಿದೆವು. ಬೋಗಿ ಮರದ ಹಳೆಯ ತೊಲೆಗಳಿಗೆ ಏನೂ ಆಗಿರಲಿಲ್ಲ. ಒಡೆದ ಹೆಂಚು ಬಿಸಾಡಲಿಲ್ಲ, ಕುಟ್ಟಿ ಜರಡಿ ಹಿಡಿದು ಸುರ್ಕಿ ಮಾಡಿದೆವು. ಅದು ಮತ್ತೆ ಗಾರೆಯೊಳಗೆ ಹೋಯಿತು.

ಈ ನಡುವೆ ಬೇಳ ಎಂಬ ಊರಿಗೂ ಹೋಗಿ ಬಂದೆವು. ಅಲ್ಲಿಯ ಶೋಕಮಾತೆಯ ಇಗರ್ಜಿ 1890ರದ್ದು, ಗೋಥಿಕ್ ಶೈಲಿಯದು, ನಮ್ಮ ಜಿಲ್ಲೆಯ ತುಂಬ ಹಳೆಯ ಇಗರ್ಜಿ. ಕೆಡವೋಣ ಎಂದಿದ್ದ ಮೂವರನ್ನು ಬೇಕಂತಲೇ ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವರು ಒಳಗೆ ಮೊಣಕಾಲೂರಿ ಬಹಳ ಹೊತ್ತು ಏಳಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ಯಾರೂ ಕೆಡವುವ ಮಾತು ಎತ್ತಲಿಲ್ಲ.

ಪೀಠದ ಮೇಲಿನ ಮರದ ಮಾತೆಯ ಪ್ರತಿಮೆಗೆ ಹೊಸ ಬಣ್ಣ ಕೊಡಿಸುತ್ತೇನೆ ಅಂತ ಒಬ್ಬರು ಹಣ ಹಿಡಿದು ಬಂದರು. ಫಾದರ್ ತಡೆದರು. ಚರ್ಚಿನ ಕಾನೂನಿನ 1189ನೇ ವಿಧಿಯ ಪ್ರಕಾರ ಅಂಥ ಹಳೆಯ ಪ್ರತಿಮೆಯನ್ನು ರಿಪೇರಿ ಮಾಡಲು ಬಿಷಪರ ಲಿಖಿತ ಒಪ್ಪಿಗೆ ಬೇಕು, ಅವರೂ ತಿಳಿದವರನ್ನು ಕೇಳಿಯೇ ಕೊಡಬೇಕು. ಈ ವಿಷಯ ನನಗೂ ಹೊಸದು. ನಮ್ಮ ಕಡೆ ಎಷ್ಟು ಪ್ರತಿಮೆಗಳ ಮುಖ ಆಯಿಲ್ ಪೇಂಟಿನಲ್ಲಿ ಮುಚ್ಚಿಹೋಗಿದೆಯೋ ಅಂತ ನೆನೆದು ಸಂಕಟ ಆಯಿತು. ನಮ್ಮ ಮಾತೆಯನ್ನು ಮೆತ್ತಗಿನ ಒಣ ಬ್ರಶ್ಶಿನಲ್ಲಿ ಧೂಳು ಒರೆಸಿ ಹಾಗೇ ಬಿಟ್ಟೆವು.

ಮಳೆಗಾಲ ಪೂರ್ತಿ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿದ್ದೆವು, ಹಿಂದಿನವರು ಮನೆಗಳಿಗೆ ಕಟ್ಟುತ್ತಿದ್ದ ಹಾಗೆ. ಅಷ್ಟರಲ್ಲಿ ಗುಂಡಿಯಲ್ಲಿ ಮರುವಾಯಿ ಚಿಪ್ಪಿನ ಸುಣ್ಣ ನೆನೆದು ಕೆನೆಮೊಸರಿನ ಹಾಗೆ ಆಗಿತ್ತು. ಸುಣ್ಣಕ್ಕೆ ನೀರು ಬಿಡುವಾಗ ಅದು ಕುದಿಯುತ್ತದೆ, ಹತ್ತಿರ ಮುಖ ಬಗ್ಗಿಸಬಾರದು. ಕಣ್ಣಿಗೆ ಕನ್ನಡಕ ಇಲ್ಲದೆ ಯಾರನ್ನೂ ಗುಂಡಿಯ ಹತ್ತಿರ ಬಿಡಲಿಲ್ಲ. ನವೆಂಬರಿನಲ್ಲಿ ಕೆಲಸ ಶುರು. ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ಹೊಳೆಮರಳು, ಬೆಲ್ಲದ ನೀರು. ಹಿಂದಿನ ದಿನವೇ ಗೋಡೆಗೆ ನೀರು ಹಾಕಿ, ತೆಳ್ಳಗೆ ಒಂದು ಕೋಟು, ಅದು ಬಿಗಿದ ಮೇಲೆ ಇನ್ನೊಂದು. ದಿನಾ ಒದ್ದೆ ಗೋಣಿ ಹೊದಿಸಬೇಕು. ಮೇಲೆ ಸುಣ್ಣ ಬಳಿದದ್ದು ಬಿಟ್ಟರೆ ಬೇರೆ ಬಣ್ಣ ಇಲ್ಲ. ಗಲ್ಫಿನ ಹುಡುಗ ಕೂಲಿಯ ದೊಡ್ಡ ಪಾಲನ್ನು ಕಳುಹಿಸಿದ, ವಾರಕ್ಕೊಮ್ಮೆ ಫೋಟೋ ಕೇಳುತ್ತಿದ್ದ.

ಮರುವರ್ಷ ಜುಲೈಯಲ್ಲಿ ಎರಡು ವಾರ ಬಿಡದೆ ಮಳೆ ಹೊಡೆಯಿತು. ಒಂದು ಬೆಳಿಗ್ಗೆ ಪೂಜೆಗೆ ಹೋದಾಗ, ಗೋಡೆ ಬದಿಯ ಬೆಂಚಿನಲ್ಲಿ ನಮ್ಮ ವಾಳೆಯ ಅಜ್ಜಿಯೊಬ್ಬರು ಕೂತಿದ್ದರು. 80 ದಾಟಿದವರು. ಮದುವೆಯಾಗಿ ಬಂದಾಗಿನಿಂದ ಅವರ ಜಾಗ ಅದೇ. ಶೀತ ಆಗುತ್ತದೆ ಅಂತ ಎಷ್ಟೋ ವರ್ಷದಿಂದ ಬಿಟ್ಟಿದ್ದರು. ತೇರ್ಸು (ಜಪಮಾಲೆ) ಹಿಡಿದು ಗೋಡೆಗೆ ಬೆನ್ನು ಒರಗಿಸಿದ್ದರು. ಅವರು ಎದ್ದು ಹೋದ ಮೇಲೆ ನಾನು ಆ ಜಾಗಕ್ಕೆ ಅಂಗೈ ಇಟ್ಟೆ. ತಣ್ಣಗಿತ್ತು, ಒದ್ದೆ ಇರಲಿಲ್ಲ.

ಗಂಟೆಗೋಪುರದ ಸಿಮೆಂಟು ಇನ್ನೂ ಹಾಗೇ ಇದೆ. ಅದನ್ನು ಮಾಡಿಸಿದ್ದೂ ನಾನೇ. ಮೇಸ್ತ್ರಿಯ ಮಗ ಈಗ ತಂದೆಯ ಜೊತೆ ಕರಣೆ ಹಿಡಿಯುತ್ತಾನೆ. ಗುಂಡಿಯಲ್ಲಿ ಸುಣ್ಣ ನೆನೆಹಾಕಿ ಆಗಿದೆ, ಮಳೆ ನಿಂತ ಕೂಡಲೇ ಅಟ್ಟಳಿಗೆ ಕಟ್ಟುತ್ತೇವೆ.