ಸರೋವರದ ದಂಡೆಯಲ್ಲೊಂದು ಊರಿತ್ತು

ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್ ನಗರದ ಅತಿ ದೊಡ್ಡ ಸರೋವರಕ್ಕೆ ಈಗ ಬ್ಡೆ ಮಕಾ ಸ್ಕಾ ಎಂದು ಹೆಸರು. ಇದು ಇಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರ ಭಾಷೆಯ ಹೆಸರು. ಬಿಳಿ ಮಣ್ಣಿನ ಸರೋವರ ಎಂದು ಅರ್ಥ. ಸುಮಾರು 400 ಎಕರೆಯ ಈ ನೀರನ್ನು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಿಂದಲೂ ನಕ್ಷೆಗಳು ಲೇಕ್ ಕ್ಯಾಲ್ಹೂನ್ ಎಂದು ಕರೆಯುತ್ತಿದ್ದವು. ಹಳೆಯ ಹೆಸರು ಮರಳಬೇಕೇ ಬೇಡವೇ ಎಂಬ ವಾದ 2015ರಲ್ಲಿ ಕಾವೇರಿತು. ನಗರದ ಪಾರ್ಕ್ ಬೋರ್ಡ್, ನಗರವಿರುವ ಹೆನೆಪಿನ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ರಾಜ್ಯ, ಒಕ್ಕೂಟ ಸರ್ಕಾರ ಎಲ್ಲವನ್ನೂ ದಾಟಿ, 2020ರಲ್ಲಿ ಮಿನೆಸೋಟಾದ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. ಆ ವರ್ಷಗಳಲ್ಲಿ ಹೆಸರು ಮರಳಲಿ ಎಂದು ದುಡಿದವರಲ್ಲಿ ನಾನೂ ಒಬ್ಬಳು. ಏನು ಮಾಡಿದೆ, ಅದರಲ್ಲಿ ಯಾವುದು ಜನರ ಮನಸ್ಸಿಗೆ ತಾಗಿತು ಎಂಬುದನ್ನು ಬರೆದಿಡಬೇಕೆನಿಸಿದೆ.

ನಾನು ತುಮಕೂರಿನ ಕಡೆಯವಳು. ಇಲ್ಲಿ ಶಾಲೆಯೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಪೌರತ್ವ ಪಡೆದು ಈ ಕೌಂಟಿಯ ಮತದಾರಳಾಗಿದ್ದೇನೆ. ರಾಜ್ಯೋತ್ಸವದ ತಯಾರಿಗೆ ಕನ್ನಡದ ಗೆಳೆಯರೆಲ್ಲ ಸೇರಿದ್ದಾಗ ಈ ವಿಷಯ ಎತ್ತಿದರೆ, "ನಮಗೇಕಕ್ಕಾ ಈ ಉಸಾಬರಿ? ನಾವೇ ಹೊರಗಿನಿಂದ ಬಂದವರು" ಎಂದು ಕಿರಿಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ ಸೇರಿ ಹನ್ನೆರಡು ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಣೆಗೆ ಬಂದಾಗ ಇದೇ ಗುಂಪು ಸಿಹಿ ಹಂಚಿತ್ತು. ಅಲ್ಲಿ ಆ ಭಾಷೆಯನ್ನು ಆಡುವವರೇ ರಾಜ್ಯವನ್ನೂ ಆಳುತ್ತಾರೆ, ವಿಧಾನಸೌಧವೇ ನಮ್ಮದು. ಡಕೋಟಾ ಜನ ತಮ್ಮದೇ ನೆಲದಲ್ಲಿ ಬೆರಳೆಣಿಕೆಯಷ್ಟಾಗಿದ್ದಾರೆ. ಅವರ ಮತಗಳಿಂದಲೇ ಯಾವ ಬೋರ್ಡಿನಲ್ಲೂ ಯಾವ ನಿರ್ಣಯವೂ ಗೆಲ್ಲುವುದಿಲ್ಲ. ಉಳಿದವರು ಕೈ ಎತ್ತದೆ ಅವರ ಹೆಸರು ಮರಳುವಂತಿರಲಿಲ್ಲ. ಒಪ್ಪಂದಗಳ ಹೆಸರಿನಲ್ಲಿ ಅವರ ಕೈತಪ್ಪಿ ಹೋದ ನೆಲದಲ್ಲಿ ಮನೆ ಕಟ್ಟಿಕೊಂಡಿರುವ ನನಗೆ ಇದು ಪರರ ಉಸಾಬರಿ ಎಂದು ಅನ್ನಿಸಲೇ ಇಲ್ಲ.

ಆದರೂ ಮುಂದೆ ನಿಲ್ಲಬೇಕಾದವರು ಅವರೇ. ಕೇಟ್ ಬೀನ್ ಮತ್ತು ಕಾರ್ಲಿ ಬ್ಯಾಡ್ ಹಾರ್ಟ್ ಬುಲ್ ಎಂಬ ಅವಳಿ ಸಹೋದರಿಯರು ಈ ಕೆಲಸದ ಮುಂಚೂಣಿಯಲ್ಲಿದ್ದರು. ಈ ಸರೋವರದ ದಂಡೆಯಲ್ಲಿ ಊರು ಕಟ್ಟಿದ ಡಕೋಟಾ ಮುಖಂಡ ಮಹಪಿಯಾ ವಿಚಾಷ್ಟಾನ, ಇಂಗ್ಲಿಷ್ ದಾಖಲೆಗಳ ಕ್ಲೌಡ್ ಮ್ಯಾನ್‌ನ, ವಂಶದವರು ಅವರು. ಅವರ ಮಾತು ಕೇಳಲು ಹೋಗಿ ಕುಳಿತಾಗಲೇ ನನ್ನ ಪಾಲಿನ ಕೆಲಸ ಯಾವುದೆಂದು ನಿಚ್ಚಳವಾಯಿತು. ಡಕೋಟಾ ಜನರ ಪರವಾಗಿ ಮಾತನಾಡುವುದು ನನ್ನ ಕೆಲಸವಲ್ಲ. ನನ್ನ ನೆರೆಹೊರೆಯವರೊಂದಿಗೆ, ನನ್ನ ಪ್ರತಿನಿಧಿಯೊಂದಿಗೆ, ಹೆಸರನ್ನು ಕೇಳಿಯೇ ಗೊತ್ತಿಲ್ಲದವರೊಂದಿಗೆ ಮಾತನಾಡುವುದು ನನ್ನ ಕೆಲಸ.

ಆಗ ಸಭೆಗಳಲ್ಲಿ ಕೇಳಿಬರುತ್ತಿದ್ದುದೆಲ್ಲ ಕ್ಯಾಲ್ಹೂನ್ ಎಂಬ ಮನುಷ್ಯನ ವಿಚಾರ. ಅದಕ್ಕೆ ಕಾರಣವಿತ್ತು. 2015ರ ಜೂನ್‌ನಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಕಪ್ಪು ಜನರ ಚರ್ಚಿನೊಳಗೆ ಬಿಳಿಯ ಯುವಕನೊಬ್ಬ ಒಂಬತ್ತು ಮಂದಿಯನ್ನು ಗುಂಡಿಟ್ಟು ಕೊಂದಿದ್ದ. ಆ ಚರ್ಚ್ ಇರುವುದೇ ಕ್ಯಾಲ್ಹೂನ್ ಬೀದಿಯಲ್ಲಿ. ಅದೇ ರಾಜ್ಯದ ಸೆನೆಟರ್ ಆಗಿದ್ದ ಜಾನ್ ಸಿ. ಕ್ಯಾಲ್ಹೂನ್ 1837ರಲ್ಲಿ ಸೆನೆಟ್‌ನಲ್ಲಿ ನಿಂತು ಗುಲಾಮಗಿರಿ ಕೆಡುಕಲ್ಲ, ಒಳಿತು ಎಂದು ವಾದಿಸಿದವನು. ಅದಕ್ಕೂ ಮೊದಲು ಯುದ್ಧ ಖಾತೆಯ ಕಾರ್ಯದರ್ಶಿಯಾಗಿದ್ದಾಗ ಇಲ್ಲಿನ ಸ್ನೆಲ್ಲಿಂಗ್ ಕೋಟೆಗೆ ಸೈನ್ಯ ಕಳಿಸಿದ. ಸರೋವರಕ್ಕೆ ಅವನ ಹೆಸರು ಬಿದ್ದದ್ದು ಆ ನಂಟಿನಿಂದ. ಚಾರ್ಲ್ಸ್‌ಟನ್‌ನ ಹತ್ಯೆಯಾದ ಮೇಲೆ ಅವನ ಹೆಸರು ಬೇಡ ಎಂಬ ಕೂಗು ಎದ್ದದ್ದು ಸಹಜ. 2017ರಲ್ಲಿ ಯೇಲ್ ವಿಶ್ವವಿದ್ಯಾಲಯವೂ ತನ್ನ ಕ್ಯಾಲ್ಹೂನ್ ಕಾಲೇಜಿನ ಹೆಸರನ್ನು ಬದಲಿಸಿತು.

ಈ ವಾದ ಸರಿಯಾದದ್ದೇ. ಆದರೆ ಅದೊಂದನ್ನೇ ಹಿಡಿದು ನೆರೆಯವರ ಬಳಿಗೆ ಹೋದಾಗ ಮಾತು ಮುಂದಕ್ಕೆ ಸಾಗುತ್ತಿರಲಿಲ್ಲ. "ಇತಿಹಾಸವನ್ನು ಅಳಿಸಬೇಡಿ" ಎಂಬ ಉತ್ತರ ತಯಾರಾಗಿರುತ್ತಿತ್ತು. ಕ್ಯಾಲ್ಹೂನ್ ಎಷ್ಟು ಕೆಟ್ಟವನು, ಅವನ ಕಾಲದ ಬೇರೆಯವರು ಎಷ್ಟು ಒಳ್ಳೆಯವರು ಎಂಬಲ್ಲಿಗೆ ಚರ್ಚೆ ಹೊರಳಿ, ಡಕೋಟಾ ಎಂಬ ಪದವೇ ಬಾರದೆ ಮುಗಿದುಹೋಗುತ್ತಿತ್ತು. ಗುಲಾಮಗಿರಿ ದಕ್ಷಿಣದವರ ಸಮಸ್ಯೆ ಎಂದವರಿಗೆ ಮಾತ್ರ ನಾನು ಒಂದು ಸಂಗತಿ ಹೇಳುತ್ತಿದ್ದೆ: ಮುಂದೆ ತಮ್ಮ ಬಿಡುಗಡೆಗಾಗಿ ನ್ಯಾಯಾಲಯದಲ್ಲಿ ಹೋರಾಡಿ ಹೆಸರಾದ ಡ್ರೆಡ್ ಸ್ಕಾಟ್ ಮತ್ತು ಹ್ಯಾರಿಯೆಟ್ ರಾಬಿನ್ಸನ್ ಗುಲಾಮರಾಗಿದ್ದುಕೊಂಡೇ ಮದುವೆಯಾದದ್ದು ಇದೇ ಸ್ನೆಲ್ಲಿಂಗ್ ಕೋಟೆಯಲ್ಲಿ, 1830ರ ದಶಕದಲ್ಲಿ. ಉಳಿದಂತೆ ಕ್ಯಾಲ್ಹೂನ್‌ನನ್ನು ಬದಿಗಿಟ್ಟು ಊರಿನ ವಿಷಯಕ್ಕೆ ಬರುತ್ತಿದ್ದೆ.

ಆ ಊರಿನ ಹೆಸರು ಹೆಯಾತಾ ಒತುನ್ವೆ. 1829ರಲ್ಲಿ ಕ್ಲೌಡ್ ಮ್ಯಾನ್ ಸರೋವರದ ಪೂರ್ವ ದಂಡೆಯಲ್ಲಿ ಅದನ್ನು ಕಟ್ಟಿದ. ಬೇಟೆಗೆ ಹೋದಾಗ ಹಿಮಗಾಳಿಗೆ ಸಿಕ್ಕಿ ದಿನಗಟ್ಟಲೆ ಹಿಮದಡಿ ಹೂತಿದ್ದವನು, ಬದುಕಿ ಮರಳಿದರೆ ಬೇಸಾಯ ಮಾಡುತ್ತೇನೆಂದು ಅಲ್ಲಿಯೇ ನಿಶ್ಚಯಿಸಿದನಂತೆ. ಬೇಟೆಯೊಂದನ್ನೇ ನಂಬಿ ಕೂರುವಂತಿರಲಿಲ್ಲ. ನೇಗಿಲು ಹಿಡಿದು ಮೆಕ್ಕೆಜೋಳ ಬೆಳೆದ ಆ ಊರಿನಲ್ಲಿ ಕೆಲವು ವರ್ಷಗಳೊಳಗೆ ನೂರಾರು ಜನ ನೆಲೆಸಿದರು. 1834ರಲ್ಲಿ ಸ್ಯಾಮ್ಯುಯೆಲ್ ಮತ್ತು ಗಿಡಿಯನ್ ಪಾಂಡ್ ಎಂಬ ಮಿಷನರಿ ಸಹೋದರರು ಬಂದು ಪಕ್ಕದ ದಿಬ್ಬದ ಮೇಲೆ ಗುಡಿಸಲು ಹಾಕಿದರು. ಡಕೋಟಾ ಭಾಷೆಯನ್ನು ಬರೆಯಲು ಅವರು ರೂಪಿಸಿದ ಅಕ್ಷರಮಾಲೆ ಹುಟ್ಟಿದ್ದು ಇಲ್ಲಿ, ಈ ಊರಿನವರು ಆಡಿದ ಮಾತುಗಳಿಂದ. ಕಿಟೆಲ್ ಕೋಶವನ್ನು ಮುಟ್ಟಿ ಬೆಳೆದ ನನ್ನಂಥವಳಿಗೆ ಅದು ಸಣ್ಣ ಸಂಗತಿಯಲ್ಲ. ಗುಡಿಸಲಿದ್ದ ದಿಬ್ಬದ ಮೇಲೆ ಈಗ ಗ್ರೀಕ್ ಆರ್ಥೊಡಾಕ್ಸ್ ಚರ್ಚ್ ಇದೆ. 1839ರಲ್ಲಿ ನೆರೆಯ ಮೂಲನಿವಾಸಿಗಳಾದ ಒಜಿಬ್ವೆ ಜನರೊಂದಿಗೆ ನಡೆದ ಘರ್ಷಣೆಯ ನಂತರ ಊರು ಇಲ್ಲಿಂದ ಎದ್ದು ಮಿನೆಸೋಟಾ ನದಿಯ ಕಡೆಗೆ ಹೋಯಿತು. 1862ರಲ್ಲಿ ಡಕೋಟಾ ಜನರಿಗೂ ಅಮೆರಿಕ ಸರ್ಕಾರಕ್ಕೂ ನಡೆದ ಯುದ್ಧವಾದ ಮೇಲೆ ಇದೇ ರಾಜ್ಯದ ಮಂಕೇಟೋದಲ್ಲಿ 38 ಡಕೋಟಾ ಪುರುಷರನ್ನು ಒಂದೇ ಬಾರಿಗೆ ಗಲ್ಲಿಗೇರಿಸಿದರು. ಹೆಂಗಸರು, ಮಕ್ಕಳು, ಮುದುಕರನ್ನು ಸ್ನೆಲ್ಲಿಂಗ್ ಕೋಟೆಯ ಕೆಳಗಿನ ಶಿಬಿರದಲ್ಲಿ ಚಳಿಗಾಲವಿಡೀ ಕೂಡಿಹಾಕಿದರು. ಕ್ಲೌಡ್ ಮ್ಯಾನ್ ಸತ್ತದ್ದು ಆ ಶಿಬಿರದಲ್ಲಿ. ಮರುವರ್ಷ ಡಕೋಟಾ ಜನರನ್ನು ಈ ರಾಜ್ಯದಿಂದಲೇ ಹೊರಹಾಕಲಾಯಿತು. ಮುಂದೆ ವೈದ್ಯನಾಗಿ, ಲೇಖಕನಾಗಿ ದೇಶಕ್ಕೆಲ್ಲ ಗೊತ್ತಾದ ಚಾರ್ಲ್ಸ್ ಈಸ್ಟ್‌ಮನ್ ಕ್ಲೌಡ್ ಮ್ಯಾನ್‌ನ ಮರಿಮಗ.

ಇದನ್ನು ಹೇಳುವಾಗ ಕೈಯಲ್ಲಿ ಹಳೆಯ ನಕ್ಷೆಯ ಪ್ರತಿ ಇಟ್ಟುಕೊಳ್ಳುತ್ತಿದ್ದೆ. ಬೆಳಿಗ್ಗೆ ನಾಯಿಯನ್ನು ಕರೆದುಕೊಂಡು ಸರೋವರ ಸುತ್ತುವ ನೆರೆಯವರಿಗೆ, ನೀವು ನಡೆಯುವ ಈ ತಿರುವಿನಲ್ಲಿ ಮೆಕ್ಕೆಜೋಳದ ಹೊಲಗಳಿದ್ದವು ಎಂದು ಬೆರಳಿಟ್ಟು ತೋರಿಸುವುದು ಯಾವ ಭಾಷಣಕ್ಕಿಂತಲೂ ಮಿಗಿಲಾಗಿತ್ತು. ಇತಿಹಾಸ ಅಳಿಸಬೇಡಿ ಎಂದವರಿಗೆ ಆ ನಂತರ ನಾನು ಬೇರೆ ಉತ್ತರ ಕೊಡಬೇಕಾಗಿ ಬರಲಿಲ್ಲ. ನಿವೃತ್ತ ಶಿಕ್ಷಕಿಯೊಬ್ಬರು, ನಲವತ್ತು ವರ್ಷ ಈ ನೀರಿನ ಎದುರಿಗೇ ಇದ್ದವರು, ಮೊದಲು ವಿರೋಧದ ಮನವಿಗೆ ಸಹಿ ಹಾಕಿದ್ದರು. ನಕ್ಷೆ ನೋಡಿ ಬಹಳ ಹೊತ್ತು ಮಾತನಾಡಲಿಲ್ಲ. "ಇದನ್ನು ನನಗೆ ಯಾರೂ ಕಲಿಸಲಿಲ್ಲ, ನಾನೂ ಮಕ್ಕಳಿಗೆ ಕಲಿಸಲಿಲ್ಲ" ಎಂದರು. ಅವರು ಪೂರ್ತಿ ನಮ್ಮ ಕಡೆ ಬಂದರು ಎನ್ನಲಾರೆ. ಆದರೆ ಕೌಂಟಿಗೆ ಪತ್ರ ಬರೆದು ತಮ್ಮ ಸಹಿಯನ್ನು ಹಿಂತೆಗೆದುಕೊಂಡರು.

ಉಳಿದ ಆಕ್ಷೇಪಗಳಿಗೆ ಇಷ್ಟು ಹೊತ್ತು ಬೇಕಾಗಲಿಲ್ಲ. ಹೆಸರು ನಾಲಿಗೆಗೆ ಹೊರಳುವುದಿಲ್ಲ ಎಂಬವರು ದಿನವೂ ಮಿನೆಟೊಂಕಾ, ವೈಜೆಟಾ, ಶಾಕೊಪಿ, ಅನೋಕಾ ಎನ್ನುತ್ತಲೇ ಇದ್ದರು. ಮಿನೆಸೋಟಾ ಎಂಬುದೇ ಡಕೋಟಾ ಹೆಸರು. ಶಾಲೆಯಲ್ಲಿ ಮಕ್ಕಳಿಗೆ ಒಂದೊಂದು ಉಚ್ಚಾರವನ್ನೂ ಡಕೋಟಾ ಮಾತುಗಾರರ ಧ್ವನಿಮುದ್ರಣದಿಂದಲೇ ಕೇಳಿಸಿದೆ, ನನ್ನ ಬಾಯಿಯಿಂದಲ್ಲ. ಹಕ್ಕಿಯೊಂದರ ಹೆಸರಿನ ಬೇರೆ ಡಕೋಟಾ ಹೆಸರೂ ದಾಖಲೆಯಲ್ಲಿದೆಯಲ್ಲ, ಯಾವುದು ನಿಜ ಎಂದು ಕೆಲವರು ಕೆದಕಿದರು. ಅದನ್ನು ತೀರ್ಮಾನಿಸಬೇಕಾದವರು ಡಕೋಟಾ ಹಿರಿಯರು, ನಾವಲ್ಲ ಎಂದೆ. ಅಂಗಡಿಗಳ ಬೋರ್ಡು, ವಿಳಾಸ ಇವುಗಳ ಖರ್ಚು ಕೆಲವರಿಗೆ ನಿಜವಾದ ಚಿಂತೆಯಾಗಿತ್ತು. ಅದನ್ನು ಅಲ್ಲಗಳೆಯಲು ಹೋಗಲಿಲ್ಲ. ಸರೋವರದ ಹೆಸರು ಬದಲಾದ ಮಾತ್ರಕ್ಕೆ ಯಾವ ಖಾಸಗಿ ಅಂಗಡಿಯೂ ಬೋರ್ಡು ಬದಲಿಸಬೇಕಾಗಿಲ್ಲ ಎಂದಷ್ಟೇ ವಿವರಿಸಿದೆ.

ಕಾನೂನನ್ನು ಓದಿಕೊಂಡದ್ದು ಬಹಳ ನೆರವಿಗೆ ಬಂತು. ದಂಡೆಯ ಉದ್ಯಾನ ಪಾರ್ಕ್ ಬೋರ್ಡಿನದು, ಫಲಕಗಳೂ ಅದರವು. ಹೀಗಾಗಿ 2015ರಲ್ಲಿಯೇ ಎರಡೂ ಹೆಸರುಗಳ ಫಲಕ ಹಾಕಲು ಅದಕ್ಕೆ ಸಾಧ್ಯವಾಯಿತು. ಹೆಸರನ್ನೇ ಬದಲಿಸುವ ಅಧಿಕಾರ ಅದಕ್ಕಿಲ್ಲ. ಮಿನೆಸೋಟಾದ ಕಾನೂನಿನಲ್ಲಿ ಕೌಂಟಿಯ 15 ಮತದಾರರು ಅರ್ಜಿ ಕೊಟ್ಟು ಕೌಂಟಿ ಬೋರ್ಡು ವಿಚಾರಣೆ ನಡೆಸುವಂತೆ ಮಾಡಬಹುದು. ಅಲ್ಲಿಂದ ವಿಷಯ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಆಯುಕ್ತರಿಗೆ, ಕೊನೆಗೆ ಒಕ್ಕೂಟ ಸರ್ಕಾರದ ಭೌಗೋಳಿಕ ಹೆಸರುಗಳ ಮಂಡಳಿಗೆ ಹೋಗುತ್ತದೆ. ಯಾರ ಕೈಯಲ್ಲಿ ಏನಿದೆ ಎಂದು ತಿಳಿಯದೆ ಪತ್ರ ಬರೆದರೆ ಅದು ಸಂಬಂಧವಿಲ್ಲದ ಮೇಜಿನ ಮೇಲೆ ಬಿದ್ದಿರುತ್ತದೆ. 2017ರ ಮೇ ತಿಂಗಳಲ್ಲಿ ಪಾರ್ಕ್ ಬೋರ್ಡ್ ಒಮ್ಮತದಿಂದ ಹೊಸ ಹೆಸರಿನ ಪರ ನಿಂತ ಮೇಲೆ ನಮ್ಮ ಗಮನವೆಲ್ಲ ಕೌಂಟಿಯ ಏಳು ಸದಸ್ಯರ ಕಡೆಗೆ ತಿರುಗಿತು. ನನ್ನ ಕ್ಷೇತ್ರದ ಪ್ರತಿನಿಧಿಗೆ ಒಂದೇ ಪುಟದ ಪತ್ರ ಬರೆದೆ: ಈ ದಂಡೆಯಲ್ಲಿ ಒಂದು ಊರಿತ್ತು, ಅದನ್ನು ಕಟ್ಟಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಇಲ್ಲಿಯೇ ಇದ್ದಾರೆ, ಅವರು ಇಟ್ಟ ಹೆಸರನ್ನು ಕೇಳುತ್ತಿದ್ದಾರೆ. ಜೊತೆಗೆ ನಕ್ಷೆಯ ಪ್ರತಿ. ಮತ್ತೇನೂ ಇಲ್ಲ.

ಸಾರ್ವಜನಿಕ ಅಹವಾಲಿನ ದಿನ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಡಕೋಟಾ ಮಾತುಗಾರರು ಮೊದಲು ಮಾತನಾಡಲಿ ಎಂದು ನಾವು ಕೆಲವರು ಮೊದಲೇ ಮಾತಾಡಿಕೊಂಡು ಹಿಂದೆ ಹೆಸರು ಬರೆಸಿದ್ದೆವು. ಇದನ್ನು ಮುಖ್ಯವೆಂದೇ ನಾನು ಭಾವಿಸುತ್ತೇನೆ. ಬೆಂಬಲಕ್ಕೆ ಬಂದವರು ಸಾಲಿನ ಮುಂದೆ ನಿಂತರೆ ಪತ್ರಿಕೆಯವರು ಅವರ ಮಾತನ್ನೇ ಬರೆದುಕೊಂಡು ಹೊರಡುತ್ತಾರೆ. ನನ್ನ ಸರದಿ ಬಂದಾಗ ಕ್ಯಾಲ್ಹೂನ್ ಹೆಸರನ್ನು ಎತ್ತಲಿಲ್ಲ. ಹೆಯಾತಾ ಒತುನ್ವೆಯ ಹತ್ತು ವರ್ಷಗಳನ್ನಷ್ಟೇ ಹೇಳಿ ಕುಳಿತೆ. ಎದುರಿನ ಪಕ್ಷದವರ ಮಾತನ್ನೂ ಪೂರ್ತಿ ಕೇಳಿದೆ. ಮದುವೆ, ಮಕ್ಕಳ ಮೊದಲ ಈಜು, ಸತ್ತ ಗಂಡನ ನೆನಪು ಎಲ್ಲವೂ ಹಳೆಯ ಹೆಸರಿಗೆ ಅಂಟಿಕೊಂಡಿವೆ ಎಂದು ಒಬ್ಬ ವೃದ್ಧೆ ಹೇಳಿದಾಗ ನನಗೂ ಗಂಟಲು ಕಟ್ಟಿತು. ಆ ನೋವು ಸುಳ್ಳಲ್ಲ. ತಮ್ಮ ನೆನಪುಗಳನ್ನು ಹೆಸರಿನ ಸಮೇತ ಕಳೆದುಕೊಂಡು ಊರಾಚೆ ದಬ್ಬಿಸಿಕೊಂಡವರ ವಂಶದವರು ಅದೇ ಕೋಣೆಯಲ್ಲಿ ಕುಳಿತಿದ್ದರು ಎಂಬುದೂ ಸುಳ್ಳಲ್ಲ. 2017ರ ನವೆಂಬರ್ 28ರಂದು ಕೌಂಟಿ ಬೋರ್ಡಿನಲ್ಲಿ ನಾಲ್ಕು ಮತ ಪರ, ಮೂರು ವಿರೋಧ. ಒಂದೇ ಒಂದು ಮತದ ಅಂತರ.

2018ರ ಜನವರಿಯಲ್ಲಿ ಆಯುಕ್ತರು ಸಹಿ ಹಾಕಿದರು, ಅದೇ ವರ್ಷ ಒಕ್ಕೂಟದ ಮಂಡಳಿಯೂ ಒಪ್ಪಿತು. ವಿರೋಧಿಗಳು ನ್ಯಾಯಾಲಯಕ್ಕೆ ಹೋದರು. ನಲವತ್ತು ವರ್ಷ ಬಳಕೆಯಲ್ಲಿರುವ ಹೆಸರನ್ನು ಈ ಕಾನೂನಿನಡಿ ಬದಲಿಸುವಂತಿಲ್ಲ ಎಂಬ ಸಾಲೊಂದು ಅದರಲ್ಲಿತ್ತು. ಅದನ್ನು ಹಿಡಿದು 2019ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆಯುಕ್ತರಿಗೆ ಅಧಿಕಾರವಿಲ್ಲ, ಶಾಸಕಾಂಗವೇ ಮಾಡಬೇಕು ಎಂದಿತು. ಆ ಒಂದು ವರ್ಷ ಸರೋವರಕ್ಕೆ ಎರಡು ಹೆಸರು, ಎರಡೂ ಅರ್ಧಂಬರ್ಧ. ಬಹಳ ಜನ ಕೈಚೆಲ್ಲಿದರು. ನನ್ನ ಪಾಲಿಗೆ ಅದು ಸುಮ್ಮನಿರುವ ಕಾಲವಾಗಿರಲಿಲ್ಲ: ಶಾಲೆಯ ಪಠ್ಯೇತರ ಪ್ರವಾಸದ ಚೀಟಿಗಳಲ್ಲಿ, ಪೋಷಕರಿಗೆ ಕಳಿಸುವ ಪತ್ರಗಳಲ್ಲಿ, ಕನ್ನಡ ಬಳಗದ ವನಭೋಜನದ ಆಹ್ವಾನದಲ್ಲಿ ಬ್ಡೆ ಮಕಾ ಸ್ಕಾ ಎಂದೇ ಬರೆದೆ. ಜೂನ್‌ನಲ್ಲಿ ಊರಿದ್ದ ದಂಡೆಯಲ್ಲಿ ಡಕೋಟಾ ಕಲಾವಿದೆ ಆಂಜೆಲಾ ಟೂ ಸ್ಟಾರ್ಸ್ ಮತ್ತಿತರರು ರೂಪಿಸಿದ ಕಲಾಕೃತಿ ಅನಾವರಣಗೊಂಡಿತು. ಆಗಸ್ಟ್‌ನಲ್ಲಿ ಪಾರ್ಕ್ ಬೋರ್ಡ್ ತನ್ನ ಕೈಯಲ್ಲಿದ್ದ ದಂಡೆಯ ರಸ್ತೆಗಳ ಹೆಸರನ್ನೂ ಬದಲಿಸಿತು. 2020ರ ಮೇ 13ರಂದು ರಾಜ್ಯದ ಸುಪ್ರೀಂ ಕೋರ್ಟ್ ನಲವತ್ತು ವರ್ಷದ ಮಿತಿ ಕೌಂಟಿ ಬೋರ್ಡುಗಳಿಗೆ ಮಾತ್ರ, ಆಯುಕ್ತರಿಗಲ್ಲ ಎಂದು ಐದು-ಎರಡರ ಬಹುಮತದಿಂದ ಹೇಳಿತು. ಹೆಸರು ನಿಂತಿತು.

ಈ ದೇಶದಲ್ಲಿ ಹೀಗೆ ನಿಂತ ಹೆಸರು ಮತ್ತೆ ಅಲುಗುವುದಿಲ್ಲ ಎಂದೇನೂ ಇಲ್ಲ. 2015ರಲ್ಲಿ ಡೆನಾಲಿ ಎಂದು ಮರಳಿದ ಅಲಾಸ್ಕಾದ ಶಿಖರವನ್ನು 2025ರಲ್ಲಿ ಒಕ್ಕೂಟ ಸರ್ಕಾರ ಮತ್ತೆ ಮೆಕಿನ್ಲಿ ಮಾಡಿತು. ಅದಕ್ಕೇ ನಕ್ಷೆ, ಪತ್ರ, ತೀರ್ಪಿನ ಪ್ರತಿಗಳನ್ನೆಲ್ಲ ಒಂದು ಕಡತದಲ್ಲಿ ಜೋಡಿಸಿ ಶಾಲೆಯ ಗ್ರಂಥಾಲಯದಲ್ಲಿಟ್ಟಿದ್ದೇನೆ, ಮಕ್ಕಳು ತೆರೆದು ನೋಡಲಿ ಎಂದು. ದಕ್ಷಿಣಕ್ಕೆ ಅಂಟಿಕೊಂಡಿರುವ ಲೇಕ್ ಹ್ಯಾರಿಯೆಟ್ ಇನ್ನೂ ಸ್ನೆಲ್ಲಿಂಗ್ ಕೋಟೆಯ ಸೇನಾಧಿಕಾರಿಯ ಹೆಂಡತಿಯ ಹೆಸರಿನಲ್ಲಿದೆ. ಡಕೋಟಾ ಜನರಿಗೆ ಅದು ಬ್ಡೆ ಉಮಾನ್. ಅದನ್ನು ಕೇಳುವುದು ಬಿಡುವುದು ಅವರಿಗೆ ಸೇರಿದ್ದು. ಕೇಳಿದರೆ ಅರ್ಜಿಗೆ ಬೇಕಾದ 15 ಮತದಾರರಲ್ಲಿ ನಾನೊಬ್ಬಳು. ನಮ್ಮ ಕನ್ನಡ ಬಳಗದಿಂದ ಇನ್ನೂ ಕೆಲವರು ಬರುತ್ತೇವೆಂದಿದ್ದಾರೆ, ಉಸಾಬರಿ ಏಕೆಂದು ಕೇಳಿದ್ದ ಆ ಕಿರಿಯರೂ ಸೇರಿದಂತೆ.